ಸ್ಲೈಡ್ ಎಷ್ಟು ಹೊತ್ತು ನಿಲ್ಲಬೇಕು?

ಪ್ರಶ್ನೆ (ಶಿರಸಿ):
ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮ ಸಹಕಾರಿ ಸಂಘದ ಮಳಿಗೆ ಇದೆ. ಲ್ಯಾಪ್‌ಟಾಪಿಗೆ ಟಿವಿ ಜೋಡಿಸಿ ಅಡಿಕೆ, ಕಾಳುಮೆಣಸು, ಜೇನುತುಪ್ಪದ ಬಗ್ಗೆ 32 ಸ್ಲೈಡ್ ತಾನಾಗಿ ಓಡುವ ಹಾಗೆ ಮಾಡಬೇಕು. ಪವರ್‌ಪಾಯಿಂಟ್‌ನಲ್ಲಿ ಎಲ್ಲದಕ್ಕೂ 5 ಸೆಕೆಂಡ್ ಕೊಟ್ಟೆ. ಬರೀ ಫೋಟೋ ಇದ್ದದ್ದು ಎಳೆದ ಹಾಗೆ ಕಾಣುತ್ತದೆ, ಬರಹ ಇದ್ದದ್ದು ಓದಿ ಮುಗಿಯುವ ಮೊದಲೇ ಹೋಗಿಬಿಡುತ್ತದೆ. 11ನೇ ಸ್ಲೈಡಿಗೆ ಬಂದು ನಿಂತರೆ ಮುಂದೆ ಹೋಗುವುದೇ ಇಲ್ಲ. ಯಾರಾದರೂ ಮೌಸ್ ಒತ್ತಿದರೆ ಒಂದು ಸ್ಲೈಡ್ ಹಾರಿಹೋಗುತ್ತದೆ. ಎಲ್ಲಿ ತಪ್ಪಿದೆ?

ಉತ್ತರ (ಕಂಪ್ಯೂಟರ್ ತರಬೇತಿ, ಶಿರಸಿ):
ಮೂರೂ ಬೇರೆ ಬೇರೆ ತೊಂದರೆ ಸರ್. ನಿಂತುಹೋಗುವುದನ್ನು ಮೊದಲು ನೋಡೋಣ.

ವ್ಯೂ ಮೆನುವಿನಲ್ಲಿ ಸ್ಲೈಡ್ ಸಾರ್ಟರ್ ತೆರೆಯಿರಿ. ಸಮಯ ಕೊಟ್ಟ ಪ್ರತಿ ಸ್ಲೈಡಿನ ಕೆಳಗೆ 00:05 ಎಂದು ಕಾಣುತ್ತದೆ. 11ರ ಕೆಳಗೆ ಏನೂ ಇರಲಿಕ್ಕಿಲ್ಲ. ಬೇರೆ ಫೈಲಿನಿಂದ ತಂದು ಅಂಟಿಸಿದ ಸ್ಲೈಡ್ ತನ್ನ ಹಳೆಯ ಸೆಟ್ಟಿಂಗನ್ನೇ ಹಿಡಿದುಕೊಂಡು ಬರುತ್ತದೆ, ಅದರಲ್ಲಿ ಸಮಯ ಇಲ್ಲದಿದ್ದರೆ ಇಲ್ಲೂ ಇರುವುದಿಲ್ಲ. ಆ ಸ್ಲೈಡ್ ಆರಿಸಿ, ಟ್ರಾನ್ಸಿಶನ್ಸ್ ಟ್ಯಾಬಿನ ಬಲತುದಿಯಲ್ಲಿ ಅಡ್ವಾನ್ಸ್ ಸ್ಲೈಡ್ ಕೆಳಗೆ ಆಫ್ಟರ್ ಎಂಬುದಕ್ಕೆ ಟಿಕ್ ಹಾಕಿ ಸಮಯ ಕೊಡಿ. ಸಮಯ ಇದ್ದೂ ನಿಂತರೆ ಆ ಸ್ಲೈಡಿನಲ್ಲಿ ವಿಡಿಯೋ ಇದೆಯೇ ನೋಡಿ. ವಿಡಿಯೋದ ಪ್ಲೇಬ್ಯಾಕ್ ಟ್ಯಾಬಿನಲ್ಲಿ ಸ್ಟಾರ್ಟ್ ಎಂಬುದು ಆಟೊಮ್ಯಾಟಿಕಲಿ ಇರಬೇಕು. ಕ್ಲಿಕ್ ಮಾಡಿದ ಮೇಲೆ ಶುರುವಾಗು ಎಂದಿದ್ದರೆ ಮಳಿಗೆಯಲ್ಲಿ ಕ್ಲಿಕ್ ಮಾಡುವವರು ಯಾರು? ವಿಡಿಯೋ ಇರುವ ಸ್ಲೈಡಿಗೆ ಆಫ್ಟರ್ 00:00 ಇಡಿ, ವಿಡಿಯೋ ಮುಗಿದ ಮೇಲೆ ತಾನೇ ಮುಂದೆ ಹೋಗುತ್ತದೆ.

ಒಂದು ಸ್ಲೈಡ್ ಅಲ್ಲ, ಯಾವುದೂ ಮುಂದೆ ಹೋಗುತ್ತಿಲ್ಲ ಎಂದಾದರೆ ಕಾರಣ ಬೇರೆ. ಸ್ಲೈಡ್ ಶೋ ಟ್ಯಾಬಿನಲ್ಲಿ ಯೂಸ್ ಟೈಮಿಂಗ್ಸ್ ಟಿಕ್ ತೆಗೆದಿರುತ್ತದೆ, ಇಲ್ಲವೇ ಸೆಟ್ ಅಪ್ ಸ್ಲೈಡ್ ಶೋ ಒಳಗೆ ಮ್ಯಾನುಯಲಿ ಆಯ್ಕೆಯಾಗಿರುತ್ತದೆ.

ಮೌಸಿನ ಕಾಟಕ್ಕೆ ಅದೇ ಸೆಟ್ ಅಪ್ ಸ್ಲೈಡ್ ಶೋ ತೆರೆದು ಬ್ರೌಸ್ಡ್ ಅಟ್ ಎ ಕಿಯಾಸ್ಕ್ ಆರಿಸಿ. ಕೊನೆಯ ಸ್ಲೈಡ್ ಆದ ಮೇಲೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಕ್ಲಿಕ್ ಕೆಲಸ ಮಾಡುವುದಿಲ್ಲ, ಎಸ್ಕೇಪ್ ಕೀ ಒತ್ತಿದರೆ ಮಾತ್ರ ಹೊರಗೆ ಬರುತ್ತದೆ. ಆದರೆ ಕಿಯಾಸ್ಕಿನಲ್ಲಿ ಸಮಯ ಕೊಡದ ಸ್ಲೈಡ್ ಒಂದೇ ಒಂದು ಉಳಿದರೂ ಆಟ ಅಲ್ಲಿಗೇ ನಿಂತಿತು, ಕ್ಲಿಕ್ ಮಾಡಿ ದಾಟಿಸಲೂ ಆಗದು. ಆದ್ದರಿಂದ ಸಾರ್ಟರಿನಲ್ಲಿ ಎಲ್ಲದರ ಕೆಳಗೂ ಸಮಯ ಇದೆಯೆಂದು ನೋಡಿಕೊಂಡೇ ಕಿಯಾಸ್ಕಿಗೆ ಹಾಕಿ.

ಇನ್ನು ಮುಖ್ಯ ಮಾತು. ಎಲ್ಲ ಸ್ಲೈಡಿಗೂ ಒಂದೇ ಸಮಯ ಕೊಡುವುದೇ ತಪ್ಪು. ಓದುವವರ ಕಣ್ಣಿಗೆ ಎಷ್ಟು ಹೊತ್ತು ಬೇಕು ಎಂಬುದನ್ನು ನೋಡಿ ಒಂದೊಂದಕ್ಕೂ ಬೇರೆ ಕೊಡಬೇಕು. ಇಂಗ್ಲಿಷಿನವರು ನಿಮಿಷಕ್ಕೆ ಇಷ್ಟು ಶಬ್ದ ಎಂದು ಹೇಳುವ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ವಿಭಕ್ತಿ, ಕ್ರಿಯಾಪದದ ಕಾಲ ಎಲ್ಲ ಒಂದೇ ಪದಕ್ಕೆ ಅಂಟಿಕೊಂಡು ಪದಗಳು ಉದ್ದ ಇರುತ್ತವೆ. ಉದಾಹರಣೆಗೆ ಈ ಸಾಲು: "ಹಣ್ಣಡಿಕೆ ಒಣಗಿಸಿ ಸುಲಿದದ್ದು ಚಾಲಿ. ಹಸಿರಡಿಕೆ ಸುಲಿದು ಬೇಯಿಸಿ ಚೊಗರು ಹಾಕಿ ಒಣಗಿಸಿದ್ದು ಕೆಂಪಡಿಕೆ." ಹನ್ನೊಂದೇ ಪದ. ಆದರೂ ಗಟ್ಟಿಯಾಗಿ, ಅವಸರ ಇಲ್ಲದೆ ಓದಿದರೆ 7 ಸೆಕೆಂಡಿನ ಆಚೀಚೆ ಹಿಡಿಯುತ್ತದೆ. ಅದಕ್ಕೆ 3 ಸೇರಿಸಿ 10 ಇಡಿ. ಹೊಸ ಸ್ಲೈಡ್ ಬಂದಾಗ ನೋಡುವವರ ಕಣ್ಣು ಮೊದಲು ಚಿತ್ರದ ಮೇಲೆ ಹೋಗಿ ಆಮೇಲೆ ಬರಹಕ್ಕೆ ಬರುತ್ತದೆ. ಆ 3 ಸೆಕೆಂಡ್ ಅದಕ್ಕೆ. ಪ್ರತಿ ಸ್ಲೈಡನ್ನೂ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿ 3 ಕೂಡಿಸಿದರೆ ಸಾಕು, ಬೇರೆ ಸೂತ್ರ ಬೇಡ. ಓದುವುದು ನೀವಲ್ಲ, ಸ್ಲೈಡ್ ನೋಡಿಯೇ ಇಲ್ಲದ ಒಬ್ಬರು ಓದಲಿ. ಮಾಡಿದವರಿಗೆ ಬರಹ ಬಾಯಿಪಾಠ ಆಗಿರುವುದರಿಂದ ಬೇಗ ಮುಗಿಯುತ್ತದೆ, ಸಮಯ ಕಡಿಮೆ ಬೀಳುತ್ತದೆ.

ಬರೀ ಫೋಟೋಗೆ 4 ಸೆಕೆಂಡ್ ಸಾಕು. ಸಂಘದ ಹೆಸರು, ವಿಳಾಸ, ಫೋನ್ ನಂಬರ್ ಇರುವ ಸ್ಲೈಡಿಗೆ ಮಾತ್ರ 12ರಿಂದ 15 ಕೊಡಿ, ಜನ ಮೊಬೈಲ್ ತೆಗೆದು ಫೋಟೋ ಹೊಡೆಯುತ್ತಾರೆ. ದರದ ಪಟ್ಟಿಗೆ 20 ಸೆಕೆಂಡ್ ಬೇಕು ಎಂದು ಕಂಡುಬಂದರೆ ಸಮಯ ಏರಿಸಬೇಡಿ. ಅಡಿಕೆಯ ಬಗೆಗಳಲ್ಲಿ ರಾಶಿ, ಬೆಟ್ಟೆ ಒಂದು ಸ್ಲೈಡಿಗೆ, ಚಾಲಿ, ಬಿಳೆಗೋಟು ಇನ್ನೊಂದಕ್ಕೆ ಎಂದು ಒಡೆಯಿರಿ.

ಒಂದು ಕ್ರಮ ತಪ್ಪಬೇಡಿ: ಅಪ್ಲೈ ಟು ಆಲ್ ಮೊದಲು, ಒಂದೊಂದರ ತಿದ್ದುಪಡಿ ಆಮೇಲೆ. ಎಲ್ಲ ತಿದ್ದಿ ಕೊನೆಯಲ್ಲಿ ಅಪ್ಲೈ ಟು ಆಲ್ ಒತ್ತಿದರೆ ನೀವು ಕೊಟ್ಟ 10, 4, 15 ಎಲ್ಲ ಅಳಿಸಿ ಒಂದೇ ಆಗುತ್ತದೆ. ಹಾಗೆ ಆಗಿಹೋದರೆ ಸೇವ್ ಮಾಡದೆ ಕೂಡಲೇ ಕಂಟ್ರೋಲ್ ಝೆಡ್ ಒತ್ತಿ. ಆಫ್ಟರ್ ಪಕ್ಕದಲ್ಲೇ ಇರುವ ಡ್ಯುರೇಶನ್ ಬೇರೆ ವಿಷಯ, ಅದು ಸ್ಲೈಡ್ ಬದಲಾಗುವ ಪರಿಣಾಮಕ್ಕೆ ಹಿಡಿಯುವ ಸಮಯ. ಅದರಲ್ಲಿ 8 ಬರೆದು "ಸ್ಲೈಡ್ 8 ಸೆಕೆಂಡ್ ನಿಲ್ಲುತ್ತಿಲ್ಲ, ನಿಧಾನಕ್ಕೆ ಮಸುಕಾಗುತ್ತಿದೆ" ಎಂದು ಕೇಳುವವರು ಬಹಳ ಮಂದಿ.

ಪ್ರತಿಕ್ರಿಯೆ (ಧ್ವನಿ, ಪ್ರೊಜೆಕ್ಟರ್ ಕೆಲಸ, ಕಾರವಾರ):
ಮೇಲಿನದಕ್ಕೆ ಎರಡು ಮಾತು ಸೇರಿಸುತ್ತೇನೆ. 32 ಸ್ಲೈಡ್ ಸರಾಸರಿ 8 ಸೆಕೆಂಡ್ ಎಂದರೂ 256 ಸೆಕೆಂಡ್, ಅಂದರೆ 4 ನಿಮಿಷ 16 ಸೆಕೆಂಡ್. ಜಾತ್ರೆಯ ನೂಕುನುಗ್ಗಲಿನಲ್ಲಿ ಅಷ್ಟು ಹೊತ್ತು ಟಿವಿ ಮುಂದೆ ಯಾರೂ ನಿಲ್ಲುವುದಿಲ್ಲ. 15 ಸ್ಲೈಡಿಗೆ ಇಳಿಸಿ, ಒಂದು ಸುತ್ತು ಸುಮಾರು 2 ನಿಮಿಷಕ್ಕೆ ಮುಗಿಯಲಿ. ಸಂಘದ ಹೆಸರಿನ ಸ್ಲೈಡ್ ಮೊದಲಿಗೆ ಒಮ್ಮೆ, ನಡುವೆ ಒಮ್ಮೆ ಬರಲಿ, ಅರ್ಧಕ್ಕೆ ಬಂದು ಅರ್ಧಕ್ಕೆ ಹೋಗುವವರಿಗೂ ಕಾಣಬೇಕು.

ಲ್ಯಾಪ್‌ಟಾಪಿನ ಪವರ್ ಸೆಟ್ಟಿಂಗಿನಲ್ಲಿ ಸ್ಕ್ರೀನ್ ಮತ್ತು ಸ್ಲೀಪ್ ಎರಡನ್ನೂ ನೆವರ್ ಮಾಡಿ. ಮುಚ್ಚಳ ಮುಚ್ಚಿ ಟೇಬಲ್ ಕೆಳಗೆ ಇಡುವುದಾದರೆ ಲಿಡ್ ಮುಚ್ಚಿದಾಗ ಡೂ ನಥಿಂಗ್ ಎಂದಿರಬೇಕು. ಅದರ ಮೇಲೆ ಬಟ್ಟೆ ಹೊದೆಸಬೇಡಿ, ಬಿಸಿಯಾಗಿ ನಿಧಾನವಾದರೆ ಕೊಟ್ಟ ಸಮಯ ಯಾವುದೂ ಸರಿ ನಡೆಯುವುದಿಲ್ಲ. ಟಿವಿಗೂ ತನ್ನದೇ ಆಟೋ ಪವರ್ ಆಫ್ ಇರುತ್ತದೆ, ಅದನ್ನೂ ತೆಗೆಯಿರಿ. ಬ್ಯಾಟರಿ ಇಲ್ಲದ ಸಣ್ಣ ಪಿಸಿ ಇಡುವವರು ಫೈಲನ್ನು ಪವರ್‌ಪಾಯಿಂಟ್ ಶೋ ರೂಪದಲ್ಲಿ, ಅಂದರೆ ಪಿಪಿಎಸ್‌ಎಕ್ಸ್ ಆಗಿ ಸೇವ್ ಮಾಡಿ, ಅದರ ಶಾರ್ಟ್‌ಕಟ್ಟನ್ನು ವಿಂಡೋಸಿನ ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿ ಇಡಬೇಕು. ಕರೆಂಟು ಹೋಗಿ ಬಂದಾಗ ಪಿಸಿ ಆನ್ ಮಾಡಿದರೆ ಸಾಕು, ಲಾಗಿನ್ ಆದ ಮೇಲೆ ಶೋ ತಾನೇ ತೆರೆದುಕೊಳ್ಳುತ್ತದೆ.

ಪ್ರಶ್ನೆ (ಕುಮಟಾ, ಹೈಸ್ಕೂಲ್ ಶಿಕ್ಷಕಿ):
ನಮ್ಮ ಮಕ್ಕಳು ಅಘನಾಶಿನಿ ಅಳಿವೆಯ ಕಗ್ಗ ಭತ್ತ, ಉಪ್ಪುನೀರು ನುಗ್ಗುವ ಗಜನಿ ಭೂಮಿ, ಬಳಚು ಎಂಬ ಚಿಪ್ಪುಜೀವಿ ಇವುಗಳ ಮೇಲೆ 7 ನಿಮಿಷದ ಸೆಮಿನಾರ್ ಮಾಡಬೇಕು. ರಿಹರ್ಸ್ ಟೈಮಿಂಗ್ಸ್ ಒತ್ತಿ ಅಭ್ಯಾಸ ಮಾಡಿಸಿದೆ. ಈಗ ನಿಜವಾಗಿ ಮಾತಾಡುವಾಗ ಸ್ಲೈಡ್ ತಾನೇ ಮುಂದೆ ಓಡುತ್ತದೆ, ಮಗು ಇನ್ನೂ ಹಿಂದಿನದನ್ನೇ ಹೇಳುತ್ತಿರುತ್ತದೆ. ಸಮಯ ಹೆಚ್ಚು ಕೊಡಬೇಕೇ?

ಉತ್ತರ (ಕಂಪ್ಯೂಟರ್ ತರಬೇತಿ, ಶಿರಸಿ):
ಹೆಚ್ಚು ಕೊಡಬೇಡಿ ಅಕ್ಕೋರೆ, ತೆಗೆದೇ ಹಾಕಿ. ಮನುಷ್ಯರು ನಿಂತು ಮಾತಾಡುವಾಗ ಸ್ಲೈಡಿಗೆ ಸಮಯ ಕಟ್ಟಬಾರದು. ವೇದಿಕೆ ಮೇಲೆ ಒಂದು ಮಗು ಹೆದರಿ ಓಡಿಸುತ್ತದೆ, ಇನ್ನೊಂದು ತಡವರಿಸುತ್ತದೆ, ನಡುವೆ ಯಾರೋ ಪ್ರಶ್ನೆ ಕೇಳುತ್ತಾರೆ. ನಿನ್ನೆ ಅಳೆದ ಸಮಯ ಇವತ್ತಿಗೆ ಹೊಂದುವುದಿಲ್ಲ.

ರಿಹರ್ಸ್ ಟೈಮಿಂಗ್ಸ್ ಮಾತ್ರ ಬಹಳ ಉಪಯೋಗದ್ದು, ಅದನ್ನು ಅಳೆಯುವುದಕ್ಕೆ ಬಳಸಿ. ಒತ್ತಿದಾಗ ಎಡ ಮೂಲೆಯಲ್ಲಿ ರೆಕಾರ್ಡಿಂಗ್ ಎಂಬ ಸಣ್ಣ ಪಟ್ಟಿ ಬರುತ್ತದೆ. ನಡುವಿನ ಅಂಕಿ ಈ ಸ್ಲೈಡಿನ ಸಮಯ, ಬಲಗಡೆಯದು ಒಟ್ಟು. ಮಗು ತಪ್ಪಿದರೆ ರಿಪೀಟ್ ಬಾಣ ಒತ್ತಿ, ಆ ಸ್ಲೈಡಿನ ಗಡಿಯಾರ ಮಾತ್ರ ಸೊನ್ನೆಗೆ ಹೋಗುತ್ತದೆ. ಯಾರಾದರೂ ಕರೆದರೆ ಗಡಿಯಾರ ತಡೆಯುವ ಪಾಝ್ ಒತ್ತಿ. ಒತ್ತದೆ ಎದ್ದು ಹೋದರೆ ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಮುಗಿದಾಗ "ಹೊಸ ಸಮಯ ಉಳಿಸಲೇ" ಎಂದು ಕೇಳುತ್ತದೆ. ಅಲ್ಲಿ ಒಟ್ಟು ಎಷ್ಟಾಯಿತೆಂದು ಕಾಗದದಲ್ಲಿ ಬರೆದುಕೊಂಡು ನೋ ಒತ್ತಿ. ಯಾವ ಸ್ಲೈಡ್ ಎಷ್ಟು ತಿಂದಿತು ಎಂದೂ ಬೇಕಿದ್ದರೆ ಯೆಸ್ ಒತ್ತಿ, ಸಾರ್ಟರಿನಲ್ಲಿ ಓದಿಕೊಂಡು, ಆಮೇಲೆ ಯೂಸ್ ಟೈಮಿಂಗ್ಸ್ ಟಿಕ್ ತೆಗೆಯಿರಿ. ಪೂರ್ತಿ ಅಳಿಸಲು ರೆಕಾರ್ಡ್ ಕೆಳಗಿನ ಬಾಣದಲ್ಲಿ ಕ್ಲಿಯರ್, ಅದರೊಳಗೆ ಎಲ್ಲ ಸ್ಲೈಡಿನ ಟೈಮಿಂಗ್ ಅಳಿಸುವ ಆಯ್ಕೆ ಇದೆ.

ಮೂರು ಸಲ ಅಳೆಯಿರಿ. 7 ನಿಮಿಷಕ್ಕೆ ಅಭ್ಯಾಸ 6 ನಿಮಿಷದ ಹತ್ತಿರ ಬರಬೇಕು. ಜಾಸ್ತಿಯಾದರೆ ಮಗುವಿಗೆ ಬೇಗ ಮಾತಾಡು ಎನ್ನುವ ಬದಲು ಒಂದು ವಿಷಯ ಬಿಡಿ. ಗಜನಿಯ ಉಪ್ಪುನೀರಲ್ಲೂ ಕಗ್ಗ ಬೆಳೆಯುತ್ತದೆ ಎಂಬ ಒಂದು ಸ್ಲೈಡಿಗೆ ಒಂದೂವರೆ ನಿಮಿಷ ಹೋಗಲಿ, ಅದೇ ಜೀವಾಳ. ಅಳಿವೆಯ ನಕ್ಷೆಗೆ 20 ಸೆಕೆಂಡ್ ಸಾಕು.

ಮಾತಾಡುವ ದಿನ ಪ್ರೆಸೆಂಟರ್ ವ್ಯೂ ಇಡಿ. ಗೋಡೆಯ ಮೇಲೆ ಸ್ಲೈಡ್ ಮಾತ್ರ ಕಾಣುತ್ತದೆ, ಲ್ಯಾಪ್‌ಟಾಪಿನಲ್ಲಿ ಮಗುವಿಗೆ ಓಡುವ ಗಡಿಯಾರ, ಮುಂದಿನ ಸ್ಲೈಡ್, ಟಿಪ್ಪಣಿ ಮೂರೂ ಕಾಣುತ್ತವೆ. ಟಿಪ್ಪಣಿಯಲ್ಲಿ "ಇಲ್ಲಿಗೆ 3 ನಿಮಿಷ ಆಗಿರಬೇಕು" ಎಂದು ನಾಲ್ಕನೇ ಸ್ಲೈಡಿನಲ್ಲಿ ಬರೆದಿಟ್ಟರೆ ಮಗುವಿಗೆ ದಾರಿ ಸಿಗುತ್ತದೆ. ಮರೆತು ಟೈಮಿಂಗ್ ಉಳಿದು ಸ್ಲೈಡ್ ಓಡತೊಡಗಿದರೆ ಕೀಬೋರ್ಡಿನ ಎಸ್ ಅಕ್ಷರ ಒತ್ತಲಿ, ಓಟ ನಿಲ್ಲುತ್ತದೆ.

ಮಾತಿಗೂ ಸಮಯ ಕಟ್ಟುವ ಒಂದು ಪದ್ಧತಿ ಇದೆ, ಪೆಚಾ ಕುಚಾ. 2003ರಲ್ಲಿ ಟೋಕಿಯೋದಲ್ಲಿ ಶುರುವಾದದ್ದು. 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್. ಅಲ್ಲಿ ನಿಯಮವೇ ಅದು, ಮಾತನ್ನು ಸ್ಲೈಡಿಗೆ ತಕ್ಕ ಹಾಗೆ ಕತ್ತರಿಸಿ ಕಲಿತಿರುತ್ತಾರೆ. ಮೊದಲ ಸಲ ವೇದಿಕೆ ಹತ್ತುವ ಮಕ್ಕಳಿಗೆ ಅದು ಬೇಡ.

ಪ್ರಶ್ನೆ (ಹೊನ್ನಾವರ):
ನಿವೃತ್ತಿ ಸಮಾರಂಭಕ್ಕೆ 60 ಹಳೆಯ ಫೋಟೋ, ಹಿಂದೆ 4 ನಿಮಿಷ 30 ಸೆಕೆಂಡಿನ ಹಾಡು. ಹಾಡು ಎರಡನೇ ಸ್ಲೈಡಿಗೇ ನಿಲ್ಲುತ್ತದೆ. ಫೋಟೋ, ಹಾಡು ಒಟ್ಟಿಗೆ ಮುಗಿಸುವುದು ಹೇಗೆ?

ಉತ್ತರ (ಧ್ವನಿ, ಪ್ರೊಜೆಕ್ಟರ್ ಕೆಲಸ, ಕಾರವಾರ):
ಹಾಡಿನ ಸ್ಪೀಕರ್ ಗುರುತು ಆರಿಸಿ, ಪ್ಲೇಬ್ಯಾಕ್ ಟ್ಯಾಬಿನಲ್ಲಿ ಪ್ಲೇ ಇನ್ ಬ್ಯಾಕ್‌ಗ್ರೌಂಡ್ ಒತ್ತಿ. ಇಷ್ಟಕ್ಕೇ ಎಲ್ಲ ಸ್ಲೈಡಿಗೂ ಹಾಡು ಹರಿಯುತ್ತದೆ, ಗುರುತೂ ಮರೆಯಾಗುತ್ತದೆ. ಅಲ್ಲೇ ಫೇಡ್ ಔಟ್ 3 ಸೆಕೆಂಡ್ ಇಡಿ.

ಲೆಕ್ಕ ಹೀಗೆ. ಹಾಡು 270 ಸೆಕೆಂಡ್. 60ರಿಂದ ಭಾಗಿಸಿದರೆ ಒಂದಕ್ಕೆ 4.5. ಇದರಲ್ಲಿ ಬದಲಾಗುವ ಸಮಯವೂ ಸೇರಬೇಕು, ಇದನ್ನೇ ಎಲ್ಲರೂ ಮರೆಯುವುದು. ಡ್ಯುರೇಶನ್ 1 ಸೆಕೆಂಡ್ ಇದ್ದರೆ ಆಫ್ಟರ್ 00:03.50. ಮರೆತು ಆಫ್ಟರಿಗೇ 4.5 ಕೊಟ್ಟರೆ 60 ಸ್ಲೈಡಿಗೆ ಪೂರ್ತಿ ಒಂದು ನಿಮಿಷ ಹೆಚ್ಚಾಗಿ, ಕೊನೆಯ ಫೋಟೋಗಳಿಗೆ ಹಾಡು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಆದರೆ ನನ್ನ ಮಾತು ಕೇಳುವುದಾದರೆ ಫೋಟೋ 54ಕ್ಕೆ ಇಳಿಸಿ. 54 ಸಲ 4.5 ಅಂದರೆ 243, ಉಳಿದ 27ರಲ್ಲಿ ಹೆಸರಿನ ಸ್ಲೈಡಿಗೆ 7, ಕೊನೆಗೆ ಎಲ್ಲರೂ ಇರುವ ಗುಂಪು ಫೋಟೋಗೆ 20. ಗುಂಪು ಫೋಟೋದಲ್ಲಿ ಜನ ತಮ್ಮ ಮುಖ ಹುಡುಕುತ್ತಾರೆ, ಪಕ್ಕದವರಿಗೆ ತೋರಿಸುತ್ತಾರೆ, ಅದಕ್ಕೆ ಹೊತ್ತು ಬೇಕು. ಅನಿಮೇಶನ್ ಎಲ್ಲೂ ಹಾಕಬೇಡಿ. ಅನಿಮೇಶನ್ ಮುಗಿಯದೆ ಸ್ಲೈಡ್ ಮುಂದೆ ಹೋಗುವುದಿಲ್ಲವಾದ್ದರಿಂದ ಈ ಲೆಕ್ಕ ಎಲ್ಲ ಕೆಡುತ್ತದೆ.

ಸಭಾಭವನದ ಲ್ಯಾಪ್‌ಟಾಪ್ ಹಳೆಯದಾದರೆ ದೊಡ್ಡ ಫೋಟೋ ತೆರೆಯಲು ತಡವರಿಸಿ ಹಾಡು ಮುಂದೆ ಹೋಗುತ್ತದೆ. ಅದಕ್ಕೆ ಫೈಲ್, ಎಕ್ಸ್‌ಪೋರ್ಟ್, ಕ್ರಿಯೇಟ್ ಎ ವಿಡಿಯೋ ಮಾಡಿ 1080 ಗುಣಮಟ್ಟದಲ್ಲಿ ಎಂಪಿ4 ತೆಗೆದಿಡಿ. ಅಲ್ಲಿ ಯೂಸ್ ರೆಕಾರ್ಡೆಡ್ ಟೈಮಿಂಗ್ಸ್ ಅಂಡ್ ನರೇಶನ್ಸ್ ಎಂದಿರಲಿ. ಸಮಯ ಇಲ್ಲದ ಸ್ಲೈಡಿಗೆ ಅದು ತಾನೇ 5 ಸೆಕೆಂಡ್ ಹಾಕುತ್ತದೆ, ಕೆಳಗಿನ ಪೆಟ್ಟಿಗೆಯಲ್ಲಿ ಬದಲಿಸಬಹುದು. ವಿಡಿಯೋ ಪೂರ್ತಿ ಒಮ್ಮೆ ನೋಡಿಯೇ ಪೆನ್‌ಡ್ರೈವಿಗೆ ಹಾಕಿ.

ಪ್ರಶ್ನೆ (ಅಂಕೋಲಾ):
ನಮ್ಮಲ್ಲಿ ಪವರ್‌ಪಾಯಿಂಟ್ ಇಲ್ಲ, ಲಿಬ್ರೆ ಆಫೀಸ್ ಇದೆ. ಗೂಗಲ್ ಸ್ಲೈಡ್ಸ್ ಆದೀತೇ?

ಉತ್ತರ (ಕಂಪ್ಯೂಟರ್ ತರಬೇತಿ, ಶಿರಸಿ):
ಲಿಬ್ರೆ ಆಫೀಸಿನ ಇಂಪ್ರೆಸ್ ಧಾರಾಳ ಸಾಕು. ಬದಿಯ ಪಟ್ಟಿಯಲ್ಲಿ ಸ್ಲೈಡ್ ಟ್ರಾನ್ಸಿಶನ್ ತೆರೆದರೆ ಅಡ್ವಾನ್ಸ್ ಸ್ಲೈಡ್ ಕೆಳಗೆ ಆಫ್ಟರ್ ಇದೆ, ಒಂದೊಂದಕ್ಕೂ ಬೇರೆ ಕೊಡಬಹುದು. ಸುತ್ತು ತಿರುಗಿಸಲು ಸ್ಲೈಡ್ ಶೋ ಸೆಟ್ಟಿಂಗ್ಸಿನಲ್ಲಿ ಲೂಪ್ ಅಂಡ್ ರಿಪೀಟ್ ಆಫ್ಟರ್ ಆರಿಸಿ ಅದರ ಸಮಯ ಸೊನ್ನೆ ಮಾಡಿ. ಇಲ್ಲದಿದ್ದರೆ ಪ್ರತಿ ಸುತ್ತಿನ ಕೊನೆಗೆ ತೆರೆ ಕಪ್ಪಾಗಿ ನಿಲ್ಲುತ್ತದೆ, ಕೆಟ್ಟುಹೋಯಿತು ಎಂದು ಜನ ಹೊರಡುತ್ತಾರೆ.

ಗೂಗಲ್ ಸ್ಲೈಡ್ಸ್ ಆಟೊ ಪ್ಲೇ ಎಲ್ಲಕ್ಕೂ ಒಂದೇ ಸಮಯ ಕೊಡುತ್ತದೆ. ಅದನ್ನೇ ಬಳಸಬೇಕೆಂದಿದ್ದರೆ 5 ಸೆಕೆಂಡ್ ಇಟ್ಟು, ಹೆಚ್ಚು ಹೊತ್ತು ಬೇಕಾದ ಸ್ಲೈಡನ್ನು ಡೂಪ್ಲಿಕೇಟ್ ಮಾಡಿ. ಎರಡು ಪ್ರತಿ ಇದ್ದರೆ 10 ಸೆಕೆಂಡ್, ಮೂರಿದ್ದರೆ 15. ಟ್ರಾನ್ಸಿಶನ್ ಹಾಕದಿದ್ದರೆ ಬದಲಾದದ್ದು ಕಣ್ಣಿಗೆ ಕಾಣುವುದಿಲ್ಲ.

ಯಾವುದೇ ಬಳಸಿ, ಬರಹ ಯೂನಿಕೋಡಿನಲ್ಲಿರಲಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಬರುತ್ತದೆ, ಅದಕ್ಕೆ ಎಷ್ಟು ಸೆಕೆಂಡ್ ಕೊಟ್ಟರೂ ಓದಲಾಗದು. ಯೂನಿಕೋಡ್ ಇದ್ದರೂ ಫಾಂಟ್ ಬದಲಾದರೆ ಸಾಲು ಒಡೆದು ಪೆಟ್ಟಿಗೆಯಿಂದ ಹೊರಗೆ ಬರುವುದುಂಟು. ಪ್ರದರ್ಶನ ಇರುವ ಯಂತ್ರದಲ್ಲೇ ಮೊದಲಿನಿಂದ ಕೊನೆಯವರೆಗೆ ಎರಡು ಸುತ್ತು ಓಡಿಸಿ ನೋಡಿ. ಕೊನೆಯ ಸ್ಲೈಡಿನಿಂದ ಮೊದಲನೆಯದಕ್ಕೆ ಹೋಗುವ ಜಾಗ ಎರಡನೇ ಸುತ್ತಿಗೇ ತಿಳಿಯುವುದು.