ಕೊಡಗಿನಲ್ಲಿ ಸೂರ್ಯೋದಯ ನೋಡಲು ಎಲ್ಲಿಗೆ ಹೋಗಬೇಕು? ಜೊತೆಗೆ ಅಮ್ಮ ಇದ್ದಾರೆ, ಮಂಡಿನೋವು

ಹಾಸನದ_ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಮಡಿಕೇರಿಗೆ ಬರುತ್ತಿದ್ದೇವೆ. ನಾನು, ಹೆಂಡತಿ, ಅಮ್ಮ. ಬೆಟ್ಟದ ಮೇಲೆ ನಿಂತು ಸೂರ್ಯ ಹುಟ್ಟುವುದನ್ನು ನೋಡಬೇಕು ಅನ್ನುವುದು ಅಮ್ಮನ ಆಸೆ. ತುಂಬಾ ವರ್ಷದಿಂದ ಹೇಳುತ್ತಾ ಇದ್ದಾರೆ. ಆದರೆ ಅವರಿಗೆ ಮಂಡಿನೋವು. ಸಮತಟ್ಟು ಜಾಗದಲ್ಲಿ ಆರಾಮಾಗಿ ನಡೆಯುತ್ತಾರೆ, ಏರು ಬಂದರೆ ಕಷ್ಟ.

ಫೋನಿನಲ್ಲಿ ವಿಡಿಯೋ ನೋಡಿ ನೋಡಿ ತಲೆ ಕೆಟ್ಟು ಹೋಗಿದೆ. ಒಬ್ಬರು ರಾಜಾಸೀಟ್ ಅಂತಾರೆ, ಇನ್ನೊಬ್ಬರು ಮಾಂದಲಪಟ್ಟಿ ಅಂತಾರೆ, ಮತ್ತೊಬ್ಬ ತಡಿಯಂಡಮೋಳ್ ತುದಿಯಲ್ಲಿ ಟೆಂಟ್ ಹಾಕಿ ಮಲಗಿ ಅಂತ ಹೇಳಿ ಹಿಂದೆ ಒಂದು ಹಾಡು ಹಾಕಿದ್ದಾನೆ. ನಮ್ಮದು ಚಿಕ್ಕ ಕಾರು. ಎರಡು ಬೆಳಗ್ಗೆ ಸಿಗುತ್ತವೆ. ಎಷ್ಟು ಗಂಟೆಗೆ ಎದ್ದು ಎಲ್ಲಿಗೆ ಹೋಗಬೇಕು, ಅಲ್ಲಿನವರು ಯಾರಾದರೂ ಹೇಳಿ ಪ್ಲೀಸ್.

ಮಂಜಿನೂರಿನವ:

ಮೊದಲು ರಾಜಾಸೀಟ್ ವಿಷಯ ಮುಗಿಸಿಬಿಡೋಣ. ಅದು ಪಶ್ಚಿಮಕ್ಕೆ ಮುಖ ಮಾಡಿರುವ ಜಾಗ. ಸೂರ್ಯ ಮುಳುಗುವುದನ್ನು ನೋಡಲು ರಾಜರು ಅಲ್ಲಿ ಕೂರುತ್ತಿದ್ದರು ಅಂತ ಹೆಸರು ಬಂದಿದ್ದು. ಬೆಳಗ್ಗೆ ಹೋದರೆ ಸೂರ್ಯ ನಿಮ್ಮ ಬೆನ್ನ ಹಿಂದೆ, ಪೇಟೆ ಕಡೆಯಿಂದ ಬರುತ್ತಾನೆ. ಕೆಳಗೆ ಕಣಿವೆಯಲ್ಲಿ ಮಂಜು ತುಂಬಿರುತ್ತದೆ, ಅದು ಚೆನ್ನಾಗೇ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಅಮ್ಮನ ಆಸೆ ಅದಲ್ಲ ಅಲ್ವಾ. ಅಲ್ಲಿಗೆ ಸಂಜೆ ಹೋಗಿ.

ನಮ್ಮ ಜಿಲ್ಲೆಯ ದೊಡ್ಡ ಬೆಟ್ಟಗಳು ಜಾಸ್ತಿ ಇರುವುದು ಪಶ್ಚಿಮದ ಅಂಚಿನಲ್ಲಿ. ಆಚೆ ಬದಿ ಸುಳ್ಯ, ಕೇರಳದ ಕಡೆಗೆ ಕಡಿದಾಗಿ ಇಳಿಯುತ್ತದೆ. ಈಚೆ ಬದಿ ತೋಟ, ಗದ್ದೆ, ಸಣ್ಣ ಗುಡ್ಡ ಅಂತ ನಿಧಾನಕ್ಕೆ ಇಳಿದು ಕುಶಾಲನಗರ ದಾಟಿ ಮೈಸೂರಿನ ಬಯಲು ಸೇರುತ್ತದೆ. ಹಾಗಾಗಿ ಆ ಅಂಚಿನ ಸಾಲಿನ ಮೇಲೆ ನಿಂತು ಪೂರ್ವಕ್ಕೆ ತಿರುಗಿದರೆ ಇಡೀ ಕೊಡಗು ಕಾಲ ಕೆಳಗೆ ಇರುತ್ತದೆ, ಅದರ ಆಚೆಯಿಂದ ಸೂರ್ಯ ಬರುತ್ತಾನೆ. ಮಾಂದಲಪಟ್ಟಿಗೆ ಜನ ಮುಗಿಬೀಳುವುದು ಇದಕ್ಕೇ. ಸುಮಾರು 1600 ಮೀಟರ್ ಎತ್ತರ, ಮರ ಇಲ್ಲದ ಹುಲ್ಲುಗುಡ್ಡ, ಯಾವ ಕಡೆಗೂ ಅಡ್ಡ ಇಲ್ಲ. ಉತ್ತರಕ್ಕೆ ಪುಷ್ಪಗಿರಿ ಕಾಣುತ್ತದೆ.

ಈಗ ಸಮಯದ ಲೆಕ್ಕ, ಇದನ್ನು ಯಾರೂ ಹೇಳಲ್ಲ. ಆ ಜಾಗ ಪುಷ್ಪಗಿರಿ ವನ್ಯಧಾಮದ ಒಳಗೆ ಬರುತ್ತದೆ, ಅರಣ್ಯ ಇಲಾಖೆಯ ಗೇಟ್ ತೆಗೆಯುವುದು ಬೆಳಗ್ಗೆ 6ಕ್ಕೆ. ಮೇ ಕೊನೆಯಲ್ಲಿ ಮಡಿಕೇರಿಯಲ್ಲಿ ಸೂರ್ಯ ಹುಟ್ಟುವುದೇ ಹೆಚ್ಚುಕಡಿಮೆ 6 ಗಂಟೆಗೆ, ಅಂದರೆ ನೀವು ಗೇಟಿನಲ್ಲಿ ಚೀಟಿ ತೆಗೆಸುವಾಗ ಮೇಲೆ ಎಲ್ಲಾ ಮುಗಿದಿರುತ್ತದೆ. ಡಿಸೆಂಬರ್ ಎರಡನೇ ವಾರ 6:40ರ ಹತ್ತಿರ. ಜನವರಿ ಕೊನೆಗೆ 6:50 ದಾಟುತ್ತದೆ. ವರ್ಷದಲ್ಲಿ ಸೂರ್ಯ ಅತಿ ತಡವಾಗಿ ಏಳುವುದು ಆಗಲೇ, ಡಿಸೆಂಬರ್ 21ಕ್ಕೆ ಅಲ್ಲ. ಚಳಿಗಾಲದಲ್ಲಿ ಬರುವವರಿಗೆ ಗೇಟಿನಿಂದ ಮೇಲೆ ಹೋಗಿ ನಿಲ್ಲಲು ಸಮಯ ಸಿಗುತ್ತದೆ. ನೀವು ಸರಿಯಾದ ತಿಂಗಳನ್ನೇ ಆರಿಸಿದ್ದೀರಿ.

ಜೀಪಿನವ:

ಅಣ್ಣಾ, ನಾನು ಮಡಿಕೇರಿಯಿಂದ ಜೀಪು ಓಡಿಸುತ್ತೇನೆ. ಮಾಂದಲಪಟ್ಟಿಗಾದರೆ ನಿಮ್ಮ ಕಾರನ್ನು ಮಡಿಕೇರಿಯಲ್ಲೇ ಬಿಡಿ. ಕೊನೆಯ ಒಂದಷ್ಟು ದೂರ ರಸ್ತೆ ಅಂತ ಕರೆಯುವ ಹಾಗಿಲ್ಲ, ಕಲ್ಲು, ಹೊಂಡ, ಮತ್ತೆ ಕಲ್ಲು. ಚಿಕ್ಕ ಕಾರು ತಂದು ಅಡಿ ಬಡಿಸಿಕೊಂಡು ನಡುದಾರಿಯಲ್ಲಿ ನಿಂತವರನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇವೆ, ಅವರು ನಿಂತರೆ ಹಿಂದಿನವರಿಗೂ ದಾರಿ ಇಲ್ಲ.

ಮಂಡಿನೋವು ಅಂದಿರಿ. ಅಮ್ಮನನ್ನು ಮುಂದೆ, ಡ್ರೈವರ್ ಪಕ್ಕ ಕೂರಿಸಿ. ಹಿಂದೆ ಎದುರುಬದುರು ಸೀಟು, ಕಂಬಿ ಹಿಡಿದು ಕೂರಬೇಕು, ಒಂದೊಂದು ಹೊಂಡಕ್ಕೂ ತಲೆ ಮೇಲಿನ ಕಂಬಿಗೆ ತಾಗುತ್ತದೆ, ಹುಡುಗರಿಗೆ ಅದೇ ಖುಷಿ ಆದರೆ ವಯಸ್ಸಾದವರಿಗೆ ಸೊಂಟ ಹಿಡಿಯುತ್ತದೆ. ಜೀಪು ಇಳಿದ ಮೇಲೆ ಮೇಲಿನವರೆಗೆ ಸ್ವಲ್ಪ ಏರು ನಡೆಯಬೇಕು. ಹುಲ್ಲಿನ ಮೇಲೆ ಇಬ್ಬನಿ ಬಿದ್ದು ಜಾರುತ್ತದೆ, ಚಪ್ಪಲಿ ಬೇಡ, ಶೂ ಹಾಕಿಸಿ. ಆಗಲ್ಲ ಅಂದರೆ ಜೀಪು ನಿಲ್ಲುವ ಜಾಗದ ಹತ್ತಿರವೇ ಒಂದು ಸ್ಟೂಲ್ ಹಾಕಿ ಕೂರಿಸಬಹುದು, ಅಲ್ಲಿಂದಲೂ ಬೆಳಕು ಬರುವುದು ಕಾಣುತ್ತದೆ.

5 ಗಂಟೆ ಒಳಗೆ ಮಡಿಕೇರಿ ಬಿಡಬೇಕು. ಬಾಡಿಗೆ ಹಿಂದಿನ ದಿನವೇ ಮಾತಾಡಿ, ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನೂ ಸೇರಿಸಿ ಮಾತಾಡಿ. ಇಲ್ಲದಿದ್ದರೆ ಮೇಲೆ ಹೋದ ಮೇಲೆ ಜಗಳ. ಶನಿವಾರ ಭಾನುವಾರ ಬೇಡವೇ ಬೇಡ. ಆ ದಿನ ಸೂರ್ಯನಿಗಿಂತ ಜಾಸ್ತಿ ಸೆಲ್ಫಿ ಕಡ್ಡಿ ಕಾಣುತ್ತದೆ.

ಬೂಟುಕಾಲು:

ಆ ತಡಿಯಂಡಮೋಳ್ ಟೆಂಟ್ ವಿಡಿಯೋ ಹಳೆಯದಿರಬೇಕು, ಇಲ್ಲವೇ ಕದ್ದು ಹೋಗಿ ಮಾಡಿದ್ದು. ಮೇಲೆ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ. 1748 ಮೀಟರ್, ಕೊಡಗಿನಲ್ಲೇ ಎತ್ತರ. ಬೆಳಗ್ಗೆ ಗೇಟ್ ತೆಗೆದ ಮೇಲೆ ಕಕ್ಕಬ್ಬೆ ಕಡೆಯಿಂದ ಹೊರಟರೆ ನಮ್ಮಂಥವರಿಗೇ ಎರಡೂವರೆ ಮೂರು ಗಂಟೆ ಬೇಕು, ತುದಿ ಸೇರುವಾಗ ಬಿಸಿಲು ನೆತ್ತಿಗೆ ಬರಲು ಶುರು. ಅಂದರೆ ತುದಿಯಲ್ಲಿ ಸೂರ್ಯೋದಯ ಅನ್ನುವುದು ಈಗ ಆಗದ ಮಾತು. ಪುಷ್ಪಗಿರಿಯದ್ದೂ ಅದೇ ಕಥೆ. 2024ರ ಜನವರಿಯಲ್ಲಿ ರಜೆಗೆ ಜನ ಜಾತ್ರೆ ಹಾಗೆ ನುಗ್ಗಿದ ಮೇಲೆ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ಮಾಡಿದರು.

ಅಮ್ಮ ಹತ್ತುವ ಪ್ರಶ್ನೆ ಇಲ್ಲವಲ್ಲ, ಆದರೂ ಹೇಳಿದೆ, ಬೇರೆಯವರು ಓದುತ್ತಾರೆ ಅಂತ.

ಮಾಂದಲಪಟ್ಟಿಯ ಗದ್ದಲ ಬೇಡ ಅನ್ನುವವರಿಗೆ ಕೋಟೆಬೆಟ್ಟ ಇದೆ. ಮಾದಾಪುರ, ಗರ್ವಾಲೆ ಕಡೆ. ತುದಿಯಲ್ಲಿ ಕಲ್ಲಿನ ಹಳೇ ಶಿವನ ಗುಡಿ. ಇದಕ್ಕೂ ಜೀಪು ಬೇಕು, ಕೊನೆಗೆ ನಡೆಯಲೂಬೇಕು. ಜನ ಕಡಿಮೆ. ನನ್ನನ್ನು ಕೇಳಿದರೆ ಬೆಳಗಿನ ಬೆಳಕಿಗೆ ಮಾಂದಲಪಟ್ಟಿಗಿಂತ ಇದೇ ಒಂದು ಕೈ ಮೇಲು, ಆದರೆ ನಿಮ್ಮ ಅಮ್ಮನಿಗೆ ಅಲ್ಲ.

ತೋಟದ_ಅಕ್ಕ:

ಎಲ್ಲರೂ ಎತ್ತರದ ಬಗ್ಗೆಯೇ ಹೇಳುತ್ತಾ ಇದ್ದೀರಲ್ಲ! ಇಲ್ಲಿ ಸೂರ್ಯೋದಯ ಚೆಂದ ಕಾಣುವುದು ಮಂಜಿನಿಂದ. ಮಂಜು ಕಣಿವೆಯಲ್ಲಿ ಕೂತಿದ್ದರೆ ಸಣ್ಣ ಗುಡ್ಡವೂ ಸಾಕು, ಕೂತಿಲ್ಲ ಅಂದರೆ 1700 ಮೀಟರ್ ಹತ್ತಿದರೂ ಸುಮ್ನೆ ಒಂದು ಕೆಂಪು ಚೆಂಡು.

ಅದು ಯಾವಾಗ ಕೂರುತ್ತದೆ ಅಂದರೆ, ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ. ನೆಲ ಬೇಗ ತಣ್ಣಗಾಗಿ, ತಣ್ಣನೆ ಗಾಳಿ ಗುಡ್ಡದಿಂದ ಜಾರಿ ಗದ್ದೆ ಬಯಲಿಗೆ ಇಳಿಯುತ್ತದೆ, ಅಲ್ಲಿ ತೇವ ಇದ್ದೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಮಂಜು. ಅದಕ್ಕೇ ಮಲಗುವ ಮುಂಚೆ ಒಮ್ಮೆ ಹೊರಗೆ ಬಂದು ಆಕಾಶ ನೋಡಿ. ನಕ್ಷತ್ರ ನಿಚ್ಚಳವಾಗಿದ್ದು ಸಿಲ್ವರ್ ಮರದ (ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್) ಎಲೆ ಅಲ್ಲಾಡದೆ ಇದ್ದರೆ ಅಲಾರಾಂ ಇಡಿ. ಮೋಡ ಇದ್ದರೆ ನಿದ್ದೆ ಮಾಡಿ, ಯಾವ ಜೀಪಿನವರು ಕರೆದರೂ ಹೋಗಬೇಡಿ (ಮೇಲಿನ ತಮ್ಮ ಬೇಜಾರು ಮಾಡಿಕೊಳ್ಳಬೇಡಪ್ಪ).

ನಮ್ಮ ಮನೆ ಎದುರಿಗೇ ಗದ್ದೆ, ಆಚೆ ತೋಟದ ಏರು. ಈ ತಿಂಗಳು ಅರೇಬಿಕಾ ಕುಯಿಲು, ಬೆಳಗ್ಗೆ ಕಣದಲ್ಲಿ ಕಾಫಿ ಹರಡಲು ಹೋದಾಗ ನೋಡುತ್ತೇನೆ. ಮೊದಲು ಬರೀ ಬಿಳಿ. ಆಮೇಲೆ ಸಿಲ್ವರ್ ಮರಗಳ ತುದಿ ಮಾತ್ರ ಒಂದೊಂದೇ ಕಾಣುತ್ತವೆ, ಸೂರ್ಯ ಏರಿದ ಹಾಗೆ ಮಂಜು ಬುಡದಿಂದ ಕದಲಿ ಮೇಲೆ ಬರುತ್ತದೆ, ಒಂದು ಕ್ಷಣ ನಮ್ಮ ಮನೆಯನ್ನೇ ಮುಚ್ಚಿಬಿಡುತ್ತದೆ, ಮತ್ತೆ ಬಿಡುತ್ತದೆ. ಬೇಲಿ ತಂತಿಯ ಜೇಡರ ಬಲೆಗಳೆಲ್ಲ ನೀರಿನ ಹನಿ ಹೊತ್ತು ಜೋತಾಡುತ್ತವೆ. ಇದೆಲ್ಲ ಎಂಟೂವರೆ ಒಂಬತ್ತರ ತನಕ. ಅಮ್ಮನಿಗೆ ಒಂದು ಕುರ್ಚಿ, ಒಂದು ಲೋಟ ಬೆಲ್ಲದ ಕಾಫಿ ಕೊಟ್ಟು ಜಗುಲಿಯಲ್ಲಿ ಕೂರಿಸಿದರೆ ಆಯಿತು.

ಅದಕ್ಕೆ ನನ್ನ ಮಾತು: ಪೇಟೆ ನಡುವೆ ಲಾಡ್ಜ್ ಮಾಡಬೇಡಿ. ಪೂರ್ವಕ್ಕೆ ಕಣಿವೆ ತೆರೆದಿರುವ ಹೋಂಸ್ಟೇ ಹುಡುಕಿ. ಫೋನ್ ಮಾಡಿದಾಗ 'ವ್ಯೂ ಇದೆಯಾ' ಅಂತ ಕೇಳಬೇಡಿ, ಎಲ್ಲರೂ ಇದೆ ಅನ್ನುತ್ತಾರೆ. 'ಡಿಸೆಂಬರಿನಲ್ಲಿ ಜಗುಲಿಗೆ ಬಿಸಿಲು ಎಷ್ಟು ಗಂಟೆಗೆ ಬೀಳುತ್ತದೆ' ಅಂತ ಕೇಳಿ. ಈ ತಿಂಗಳು ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಚೆನ್ನಾಗೇ ದಕ್ಷಿಣಕ್ಕೆ ಸರಿದಿರುತ್ತಾನೆ. ಆ ಬದಿಗೆ ಗುಡ್ಡ ಇದ್ದರೆ ಏಳೂವರೆ ಆದರೂ ಮುಖ ತೋರಿಸಲ್ಲ.

ಮತ್ತೆ ಒಂದು ಮುಖ್ಯ ವಿಷಯ. ಕತ್ತಲಲ್ಲಿ ತೋಟದ ರಸ್ತೆಯಲ್ಲಿ ವಾಕಿಂಗ್ ಅಂತ ಹೊರಡಬೇಡಿ. ರಾತ್ರಿ ತೋಟಕ್ಕೆ ಇಳಿದ ಆನೆಗಳು ಕಾಡಿಗೆ ವಾಪಸ್ ಹೋಗುವ ಹೊತ್ತು ಅದು. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಇದು ದಿನದ ಗೋಳು. ಮಂಜಿನಲ್ಲಿ ಆನೆ ಹತ್ತಿರ ಬರುವ ತನಕ ಕಾಣುವುದಿಲ್ಲ, ಸದ್ದೂ ಮಾಡಲ್ಲ. ಕೆಲಸದವರೇ ಬೆಳಕು ಬಿದ್ದ ಮೇಲೆ ಬರುತ್ತಾರೆ.

ಹಾಸನದ_ಹುಡುಗ:

ಅಕ್ಕಾ, ತುಂಬಾ ಥ್ಯಾಂಕ್ಸ್, ಎಲ್ಲರಿಗೂ. ಅಮ್ಮನಿಗೆ ಓದಿ ಹೇಳಿದೆ. ಜೀಪು ಬೇಡ ಅಂದರು. ಜಗುಲಿ ಇಷ್ಟ ಆಯಿತು, ಆದರೂ ಒಂದು ದಿನವಾದರೂ ಬೆಟ್ಟದ ಮೇಲೆ ನಿಲ್ಲಬೇಕಂತೆ, ಬಿಡುತ್ತಾ ಇಲ್ಲ. ನಮ್ಮ ಕಾರೇ ಹೋಗುವಂಥ ಜಾಗ ಇದೆಯಾ? ತಲಕಾವೇರಿ ಹೇಗೆ?

ಮಂಜಿನೂರಿನವ:

ನಾನೇ ಹೇಳಬೇಕು ಅಂತಿದ್ದೆ. ನಿಮಗೆ ತಲಕಾವೇರಿಯೇ ಸರಿ. 1276 ಮೀಟರ್ ಎತ್ತರ, ಕಾರು ದೇವಸ್ಥಾನದ ಬಾಗಿಲ ತನಕ ಹೋಗುತ್ತದೆ, ಡಾಂಬರು ರಸ್ತೆ. ಮೆಟ್ಟಿಲು ಇವೆ, ಆದರೆ ನಿಧಾನಕ್ಕೆ ಹತ್ತಬಹುದು, ಹತ್ತದಿದ್ದರೂ ಕೆಳಗಿನಿಂದಲೇ ಬೆಟ್ಟದ ಸಾಲು ಕಾಣುತ್ತದೆ. ಕಾವೇರಿ ಹರಿಯುವುದೇ ಪೂರ್ವಕ್ಕೆ ಅಲ್ವಾ, ಭಾಗಮಂಡಲದ ಕಣಿವೆ ಅದೇ ದಿಕ್ಕಿಗೆ ತೆರೆದಿದೆ.

ಮೇಲಿನ ಬ್ರಹ್ಮಗಿರಿ ಬೆಟ್ಟದ ಆಸೆ ಇಟ್ಟುಕೊಳ್ಳಬೇಡಿ. 2020ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡ ಕುಸಿದು ಅರ್ಚಕರ ಮನೆಯೇ ಮಣ್ಣಾಯಿತು. ಆಮೇಲೆ ಹತ್ತಲು ನಿರ್ಬಂಧ ಹಾಕಿದರು. ಅಮ್ಮನಿಗೆ ಅದು ಹೇಗೂ ಬೇಡ.

ಮಡಿಕೇರಿಯಿಂದ ಭಾಗಮಂಡಲ ಸುಮಾರು 40 ಕಿ.ಮೀ., ಅಲ್ಲಿಂದ ಮೇಲೆ 8. ಹಗಲಿನಲ್ಲಿ ಒಂದೂಕಾಲು ಗಂಟೆ ದಾರಿ, ಮಂಜಿನಲ್ಲಿ ಅದಕ್ಕಿಂತ ಜಾಸ್ತಿ. 4:45ಕ್ಕೆ ಹೊರಡಿ, ಇಲ್ಲ ಹಿಂದಿನ ರಾತ್ರಿ ಭಾಗಮಂಡಲದ ಹತ್ತಿರವೇ ಉಳಿಯಿರಿ, ಅದೇ ವಾಸಿ. ಹೈ ಬೀಮ್ ಹಾಕಬೇಡಿ, ಮಂಜಿಗೆ ಬಡಿದು ಬೆಳಕೆಲ್ಲ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. 6:15ರ ಒಳಗೆ ಮೇಲಿರಬೇಕು, ಬಣ್ಣ ಎಲ್ಲ ಇರುವುದು ಸೂರ್ಯ ಬರುವ ಮುಂಚಿನ ಆ ಇಪ್ಪತ್ತು ನಿಮಿಷದಲ್ಲಿ.

ಜೀಪಿನವ:

ಹೌದು ಅಣ್ಣಾ, ಅಲ್ಲಿಗೇ ಹೋಗಿ. ನನಗೆ ಬಾಡಿಗೆ ಹೋಯಿತು, ಇರಲಿ. ಒಂದೇ ಮಾತು, ಅಲ್ಲಿ ಗಾಳಿ ಜಾಸ್ತಿ, ಸ್ವೆಟರ್ ಮಾತ್ರ ಸಾಲುವುದಿಲ್ಲ, ಅಮ್ಮನ ಕಿವಿಗೆ ಮಫ್ಲರ್ ಕಟ್ಟಿ. ದೇವಸ್ಥಾನ ಅಲ್ವಾ, ಚಡ್ಡಿಯಲ್ಲಿ ಹೋಗಬೇಡಿ, ವಾಪಸ್ ಕಳಿಸುತ್ತಾರೆ.

ತೋಟದ_ಅಕ್ಕ:

ಇಳಿಯುವಾಗ ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ನೋಡಿಕೊಂಡು ಬನ್ನಿ. ತಿಂಡಿಯನ್ನು ಹೋಂಸ್ಟೇಯಲ್ಲೇ ಹೇಳಿಟ್ಟು ಹೊರಡಿ, ಅಕ್ಕಿ ರೊಟ್ಟಿ, ಕಡುಬು ಏನಾದರೂ ಮಾಡಿರುತ್ತಾರೆ. ಹುತ್ತರಿ ಸಮಯಕ್ಕೆ ಬಂದರೆ ಮಾತ್ರ ಮೊದಲೇ ಫೋನ್ ಮಾಡಿ ಕೇಳಿ, ಆ ದಿನ ನಾವೆಲ್ಲ ಹಬ್ಬದ ಗಡಿಬಿಡಿಯಲ್ಲಿ ಇರುತ್ತೇವೆ.