ಸಹಾಯ ಬೇಕು: ‘ಮನೆ’ ಬಗ್ಗೆ ಕವಿತೆ, ಚಿತ್ತಾರ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನಾವು ಕೆಲವರು ಸೇರಿ ‘ಮನೆ’ ಅನ್ನುವ ವಿಷಯದ ಮೇಲೆ ಸಣ್ಣ ಪ್ರದರ್ಶನ, ಜೊತೆಗೆ ಕವಿತೆ ಓದು ಇಟ್ಟುಕೊಂಡಿದ್ದೇವೆ.

ಚಿತ್ರಕ್ಕೆ ಹಸೆ ಚಿತ್ತಾರ ಇದ್ದೇ ಇದೆ. ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರಲ್ಲ, ಅದು. ಕಪ್ಪಿಗೆ ಕರಕಲಾಗುವಂತೆ ಹುರಿದ ಅಕ್ಕಿ. ಎದುರಿಗೇ ಬರೆದು ತೋರಿಸುವ ಅಕ್ಕಂದಿರು ಯಾರಾದರೂ ಗೊತ್ತಾ? ಸಂಭಾವನೆ ಕೊಡುತ್ತೇವೆ. ಪ್ರಿಂಟ್ ಹಾಕಿಸಿದ್ದು ಮಾತ್ರ ಬೇಡ.

ತಲೆನೋವು ಕವಿತೆಗಳದ್ದು. ಮೊದಲು ನೆನಪಾಗುವುದು ಕುವೆಂಪು ಅವರ ‘ಅನಿಕೇತನ’. ಅದು ನೋಡಿದರೆ ಮನೆಯನ್ನೇ ಕಟ್ಟಬೇಡ ಅನ್ನುತ್ತದೆ! ಹಾಗೆ ಬರೆದವರ ಕುಪ್ಪಳಿ ಮನೆ ನೋಡಲು ನಾವೆಲ್ಲ ಹೋಗುತ್ತೇವೆ, ಅಲ್ವಾ? ಇರಲಿ, ಅದನ್ನು ಓದೇ ಓದುತ್ತೇವೆ.

ಸಿಗದೇ ಇರುವುದು ಮುಳುಗಡೆಯವರ ಸಾಲುಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಹಿನ್ನೀರಿಗೆ ಮನೆ, ಗದ್ದೆ, ತೋಟ ಬಿಟ್ಟು ಎದ್ದು ಬಂದವರು ಬರೆದದ್ದು, ಹಾಡಿದ್ದು ಬೇಕು. ಅಜ್ಜಿ ಹೇಳುತ್ತಿದ್ದ ಹಾಡಾದರೂ ಸರಿ, ಹಳೇ ನೋಟ್‌ಬುಕ್ಕಿನ ಪುಟವಾದರೂ ಸರಿ. ಫೋಟೋ ಅಥವಾ ರೆಕಾರ್ಡಿಂಗ್ ಇಲ್ಲೇ ಹಾಕಿ. ಯಾವ ಊರಿನದ್ದು ಅಂತ ಮರೆಯದೆ ಬರೆಯಿರಿ. ಹೆಸರು ಹಾಕುವುದು ಬಿಡುವುದು ನಿಮ್ಮಿಷ್ಟ.