ಹಳೇ ಸಹಪಾಠಿಗಳ ಮೆಕ್ಯಾನಿಕಲ್ 98 ಚಾಟ್ ಗುಂಪಿನಲ್ಲಿ ‘ಜಗತ್ತು ಹೆದರಿದ ಇಂಜಿನ್’

ರಾಘು (ಮೆಲ್ಬರ್ನ್): ಫಾರ್ವರ್ಡ್ ಆಗಿ ಬಂದಿದ್ದು 👇
*ಜಗತ್ತು ಹೆದರಿದ ಇಂಜಿನ್!!* ಜಪಾನಿನ ಮಜ್ದಾ ಕಂಪನಿಯ ರೋಟರಿ ಇಂಜಿನ್‌ಗೆ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಚಲಿಸುವ ಭಾಗಗಳು ಕೇವಲ ಮೂರು, ಆದ್ದರಿಂದ ಸವೆತವೇ ಇಲ್ಲ! ಬರೀ 1.3 ಲೀಟರ್‌ನಲ್ಲಿ 230 ಅಶ್ವಶಕ್ತಿ! 1991ರಲ್ಲಿ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದಾಗ ಯುರೋಪಿನ ಕಂಪನಿಗಳು ಹೊಟ್ಟೆಕಿಚ್ಚಿಗೆ ಮಾರನೇ ವರ್ಷವೇ ಈ ಇಂಜಿನ್ ನಿಷೇಧಿಸಿದವು. ಅಣುಬಾಂಬಿನ ಬೂದಿಯಿಂದ ಎದ್ದ ಕಂಪನಿಯ ಸಾಹಸವನ್ನು ಹತ್ತು ಜನರಿಗೆ ಕಳಿಸಿ!

ರಾಘು: ಇದನ್ನ ಹಾಕಿದ್ದಕ್ಕೆ ಕಾರಣ ಇದೆ. ಇಲ್ಲೊಂದು ಇದೇ ರೋಟರಿ ಇಂಜಿನ್ನಿನ ಮಜ್ದಾ ಕಾರು, 2005ರ ಆರ್‌ಎಕ್ಸ್-8 ಮಾರಾಟಕ್ಕಿದೆ. ಸಿಕ್ಸ್ ಸ್ಪೀಡ್ ಮ್ಯಾನ್ಯುಯಲ್, 1,10,000 ಕಿ.ಮೀ. ಓಡಿದೆ. ರೇಟು ಅದೇ ವಯಸ್ಸಿನ ಕೊರೊಲಾಗಿಂತ ಕಡಿಮೆ. ತಗೊಳ್ಳಲಾ?

ಬಸು (ಹುಬ್ಬಳ್ಳಿ): ಕಡಿಮಿ ಯಾಕೈತಿ ಅಂತ ವಿಚಾರ ಮಾಡಿಯೇನಲೇ?

ಬಸು: ಮೂರ ಭಾಗ ಅಂತ ಬರದಾನಲ್ಲ, ಸುಳ್ಳು ಅಲ್ಲೇ ಸುರು ಆತು. ಪಿಸ್ಟನ್ ಬದ್ಲಿ ತಿರುಗೋ ಮೂರು ಮೂಲಿಯ ಎರಡು ರೋಟರ್, ಅವು ತಿರುಗಿಸೋ ಒಂದು ಎಕ್ಸೆಂಟ್ರಿಕ್ ಶಾಫ್ಟ್, ಇಷ್ಟ ಎಣಿಸ್ಯಾನ. ಒಂದೊಂದು ರೋಟರ್‌ಗೆ ಮೂರು ಅಪೆಕ್ಸ್ ಸೀಲ್ (ಮೂಲಿ ತುದಿಗೆ ಕುಂದ್ರೋ ಪಟ್ಟಿ), ಆರು ಸೈಡ್ ಸೀಲ್, ಆರು ಕಾರ್ನರ್ ಸೀಲ್. ಗ್ಯಾಸ್ ತಡಿಯೋ ಸೀಲೇ ಹದಿನೈದು, ಎರಡು ರೋಟರ್‌ಗೆ ಮೂವತ್ತು. ಅವಕ್ಕೆಲ್ಲ ಸ್ಪ್ರಿಂಗ್ ಬ್ಯಾರೆ, ಆಯಿಲ್ ಸೀಲ್ ಬ್ಯಾರೆ. ಸವಿಯೋದು ಶಾಫ್ಟ್ ಅಲ್ಲ, ಇವು.

ದಿನೇಶ (ಮಂಗಳೂರು): 1.3 ಲೀಟರ್ ಅನ್ನುವುದು ಸಹ ಲೆಕ್ಕದ ಆಟ ಮಾರಾಯ. ಪೆಟ್ರೋಲ್ ಉರಿಯುವ ಒಂದು ಕೋಣೆ 654 ಸಿಸಿ, ಎರಡು ರೋಟರ್‌ಗೆ 1308. ಆದರೆ ಶಾಫ್ಟ್ ಮೂರು ಸುತ್ತು ಬರುವಾಗ ರೋಟರ್ ಒಂದು ಸುತ್ತು, ಅದಕ್ಕೆ ಮೂರು ಮುಖ. ಅಂದರೆ ಶಾಫ್ಟಿನ ಪ್ರತಿ ಸುತ್ತಿಗೂ ರೋಟರ್‌ಗೆ ಒಂದು ಫೈರಿಂಗ್. ಎರಡು ಸುತ್ತಿಗೊಮ್ಮೆ ಉರಿಯುವ ಸಾಮಾನ್ಯ ಫೋರ್ ಸ್ಟ್ರೋಕ್ ಇಂಜಿನ್‌ನ ಎರಡು ಸುತ್ತಿನ ಲೆಕ್ಕಕ್ಕೆ ತಂದರೆ ಇದು ಎಳೆದುಕೊಳ್ಳುವ ಗಾಳಿ 2616 ಸಿಸಿ. 2.6 ಲೀಟರ್‌ಗೆ 230 ಅಂದರೆ ಒಳ್ಳೆಯದೇ, ಪವಾಡ ಎಂತದೂ ಇಲ್ಲ. ಜಪಾನಿನ ತೆರಿಗೆಯವರೇ ರೋಟರಿಗೆ ಒಂದೂವರೆ ಪಟ್ಟು ಲೆಕ್ಕ ಹಾಕ್ತಾರೆ.

ರಾಘು: ಸರಿ ಗುರು, ಆದ್ರೆ ಬ್ಯಾನ್ ಆಗಿದ್ದು ನಿಜ ತಾನೇ?

ಶೈಲಾ (ಮೈಸೂರು): ಅರ್ಧ ನಿಜ. ಗೆದ್ದದ್ದಕ್ಕೆ ಬ್ಯಾನ್ ಮಾಡಿದ್ದಲ್ಲ ರಾಘು. 3.5 ಲೀಟರ್ ಪಿಸ್ಟನ್ ಇಂಜಿನ್‌ಗಳ ಹೊಸ ನಿಯಮ ಆ ರೇಸ್‌ಗೆ ಮುಂಚೆಯೇ ತೀರ್ಮಾನ ಆಗಿತ್ತು. ಹೊಸ ಕಾರುಗಳು ಸಾಲದೇ ಇದ್ದಿದ್ದಕ್ಕೆ 1991ರಲ್ಲಿ ಹಳೇ ಕಾರುಗಳನ್ನೂ ಜೊತೆಗೆ ಬಿಟ್ಟರು. ಅಂದ್ರೆ ಮಜ್ದಾಗೆ ರೋಟರಿ ಓಡಿಸೋಕೆ ಅದು ಕೊನೇ ಸಲ ಅಂತ ಗೊತ್ತಿತ್ತು. ಇನ್ನೊಂದು ವಿಷಯ ಈ ಫಾರ್ವರ್ಡ್‌ಗಳು ಹೇಳೋದೇ ಇಲ್ಲ: ಜಾಗ್ವಾರ್, ಮರ್ಸಿಡಿಸ್‌ನ ಹಳೇ ಕಾರುಗಳಿಗೆ ಕನಿಷ್ಠ ತೂಕ 1000 ಕೆ.ಜಿ., ಗೆದ್ದ ಮಜ್ದಾ 787ಬಿಗೆ 830 ಕೆ.ಜಿ. ಆ ರಿಯಾಯಿತಿ ಕೇಳಿ ಪಡೆದದ್ದು. ಮುಂದಿದ್ದ ಮರ್ಸಿಡಿಸ್ ಕೊನೇ ಗಂಟೆಗಳಲ್ಲಿ ಬಿಸಿಯಾಗಿ ನಿಂತುಹೋಯ್ತು. ಹೊಟ್ಟೆಕಿಚ್ಚು ಪಡೋ ಹಕ್ಕು ಯಾರಿಗಾದ್ರೂ ಇದ್ರೆ ಅದು ಆ ಡ್ರೈವರ್‌ಗಳಿಗೆ.

ರಾಘು: ಅಯ್ಯೋ, ಗೆದ್ದಿದ್ದೇ ತಪ್ಪು ಅನ್ನೋ ಥರ ಹೇಳ್ತೀಯಲ್ಲ!

ಶೈಲಾ: ಹಾಗಲ್ಲ. 24 ಗಂಟೆ, 362 ಲ್ಯಾಪ್, ಇಂಜಿನ್‌ಗೆ ಏನೂ ಆಗಲಿಲ್ಲ. ನಾಲ್ಕು ರೋಟರ್, ಸುಮಾರು 700 ಅಶ್ವಶಕ್ತಿ, ಸೆರಾಮಿಕ್ ಅಪೆಕ್ಸ್ ಸೀಲ್, ರೋಟರ್‌ಗೆ ಮೂರು ಸ್ಪಾರ್ಕ್ ಪ್ಲಗ್, ವೇಗಕ್ಕೆ ತಕ್ಕಂತೆ ಉದ್ದ ಬದಲಿಸೋ ಇನ್‌ಟೇಕ್ ಕೊಳವೆ. ಜಾನಿ ಹರ್ಬರ್ಟ್ ಕೊನೇ ಸರದಿ ಓಡಿಸಿ, ಮೈಯಲ್ಲಿ ನೀರಿಲ್ಲದೆ ಕುಸಿದು, ಪೋಡಿಯಂಗೂ ಹೋಗೋಕಾಗಲಿಲ್ಲ. ಜಪಾನ್ ಕಂಪನಿಯೊಂದು ಲೆ ಮಾನ್ಸ್ ಗೆದ್ದದ್ದು ಅದೇ ಮೊದಲು. ಎರಡನೇದು ಟೊಯೊಟಾ, ಅದೂ 2018ರಲ್ಲಿ. ಇಷ್ಟು ದೊಡ್ಡ ನಿಜ ಇರುವಾಗ ಹೊಟ್ಟೆಕಿಚ್ಚಿನ ಮಸಾಲೆ ಯಾಕೆ ಬೇಕಿತ್ತು ಅಂತ ನನ್ನ ತಕರಾರು.

ದಿನೇಶ: ‘ಬೂದಿಯಿಂದ ಎದ್ದ’ ಅಂತ ಉಂಟಲ್ಲ, ಅದು ಸಹ ಹಾಗೇ. ಕಾರ್ಖಾನೆ ಇದ್ದದ್ದು ಹಿರೋಶಿಮಾದ ಪಕ್ಕದ ಫುಚುನಲ್ಲಿ, ಬಾಂಬ್ ಬಿದ್ದಲ್ಲಿಂದ ಸುಮಾರು 5 ಕಿ.ಮೀ. ದೂರ. ನಡುವೆ ಹಿಜಿಯಾಮಾ ಗುಡ್ಡ. ಕಟ್ಟಡಗಳು ಹೆಚ್ಚಾಗಿ ಉಳಿದವು. ಊರಲ್ಲಿ ಸರ್ಕಾರಿ ಕಚೇರಿಗಳೇ ಇಲ್ಲವಾದಾಗ ಜಿಲ್ಲಾಡಳಿತ ನಡೆದದ್ದು ಆ ಕಾರ್ಖಾನೆಯೊಳಗಿಂದ. ಡಿಸೆಂಬರ್‌ಗೆ ಮೂರು ಚಕ್ರದ ಟ್ರಕ್ ಮತ್ತೆ ಹೊರಗೆ ಬಂತು. ಕಂಪನಿ ಶುರುವಾದದ್ದು 1920ರಲ್ಲಿ, ಬೆಂಡು ಮಾಡುವ ‘ತೊಯೊ ಕಾರ್ಕ್ ಕೊಗ್ಯೊ’ ಅಂತ. ಜುಜಿರೊ ಮತ್ಸುದಾ ಕೈಗೆ ಬಂದ ಮೇಲೆ ಯಂತ್ರೋಪಕರಣ, 1931ರಿಂದ ‘ಮಜ್ದಾ ಗೊ’ ಎಂಬ ಮೂರು ಚಕ್ರದ ಗಾಡಿ. ಜಪಾನಿನವರು ಈಗಲೂ ಹೇಳುವುದು ಮತ್ಸುದಾ ಅಂತಲೇ. ಮಜ್ದಾ ಅಂತ ಬರೆದದ್ದು ಪಾರಸಿಗಳ ಅಹುರ ಮಜ್ದಾನನ್ನು ನೆನೆದು.

ಬಸು: ನಮ್ಮ ಕಡೆ ಮಂದಿಗೆ ಮಜ್ದಾ ಅಂದ್ರ ಸ್ವರಾಜ್ ಮಜ್ದಾನ. ಸಾಲಿ ಮಕ್ಕಳ ಬಸ್ಸು, ಹಾಲಿನ ಲಾರಿ. 1983ರಾಗ ಪಂಜಾಬ್ ಟ್ರ್ಯಾಕ್ಟರ್ಸ್ ಜೋಡಿ ಕೂಡಿ ಮಾಡಿದ ಕಂಪನಿ ಅದು. ಪಕ್ಕಾ ಪಿಸ್ಟನ್ ಡೀಸೆಲ್. ನಮ್ಮ ರಸ್ತೆ ಮ್ಯಾಲೆ ಖರೇ ದುಡದದ್ದು ಆ ಮಜ್ದಾ.

ರಾಘು: ಲಾರಿ ಬಿಡೋ. ಜರ್ಮನ್ನರ ಕೈಲಿ ಆಗದೇ ಇದ್ದಿದ್ದನ್ನ ಇವರು ಮಾಡಿ ತೋರ್ಸಿದ್ರು ಅನ್ನೋದನ್ನಾದ್ರೂ ಒಪ್ಕೋ.

ಬಸು: ಅದನ್ನ ಒಪ್ಪತೀನಿ. ಹೆಂಗ ಮಾಡಿದ್ರು ಅನ್ನೋದನ್ನೂ ತಿಳ್ಕೋ. 1961ರಾಗ ಜರ್ಮನಿಯ ಎನ್‌ಎಸ್‌ಯು ಕಾರು ಕಂಪನಿ ಕಡೆಯಿಂದ ರೋಟರಿ ಲೈಸೆನ್ಸ್ ತಂದ್ರು. ಓಡಿಸಿ ನೋಡಿದ್ರ ಹೌಸಿಂಗ್ (ರೋಟರ್ ತಿರುಗೋ ಕವಚ) ಒಳಗ ಅಲಿ ಅಲಿ ಗೀರು. ‘ದೆವ್ವದ ಉಗುರಿನ ಗುರುತು’ ಅಂತ ಹೆಸರಿಟ್ರು. ಸೀಲ್ ಗ್ವಾಡಿಗುಂಟ ಸರಳ ಜಾರಂಗಿಲ್ಲ, ತನ್ನ ಸ್ವಾಭಾವಿಕ ಕಂಪನದಾಗ ಕುಣೀತತಿ, ಕುಣದಲ್ಲೆಲ್ಲಾ ಗ್ವಾಡಿಯ ಕ್ರೋಮ್ ಲೇಪ ಕಿತ್ತು ಬರ್ತತಿ. ಕೆನಿಚಿ ಯಾಮಾಮೊಟೊ ಕೈಕೆಳಗ 47 ಎಂಜಿನಿಯರ್. ಮೊದಲು ಸೀಲ್‌ನ ತುದಿ ಹತ್ರ ಉದ್ದಕ್ಕೂ ಅಡ್ಡಕ್ಕೂ ತೂತು ಕೊರದು ಕಂಪನ ಬದಲಿಸಿ ನೋಡಿದ್ರು, ಗೀರು ನಿಂತವು. ಮಾರೋ ಕಾರಿಗೆ ಮಾತ್ರ ಕಾರ್ಬನ್ ಒಳಗ ಅಲ್ಯೂಮಿನಿಯಂ ಇಳಿಸಿದ ಸೀಲ್ ಹಾಕಿದ್ರು. 1967ರ ಮೇ ತಿಂಗಳಾಗ ಕಾಸ್ಮೊ ಸ್ಪೋರ್ಟ್ ಹೊರಬಂತು, 491 ಸಿಸಿಯ ಎರಡು ರೋಟರ್, 110 ಅಶ್ವಶಕ್ತಿ. ಮಾಡಿದ್ದು ಒಟ್ಟು 1,176 ಕಾರು. ಅದ ವರ್ಷ ಎನ್‌ಎಸ್‌ಯು ತನ್ನ ಆರ್‌ಒ 80 ಬಿಟ್ಟು, ಸೀಲ್ ಹೋದ ಇಂಜಿನ್ ಬದಲಿಸಿ ಬದಲಿಸಿ ಸೋತು, 1969ರಾಗ ಫೋಕ್ಸ್‌ವ್ಯಾಗನ್ ಹೊಟ್ಟಿ ಸೇರಿತು.

ಮೂರ್ತಿ ಸರ್: ಚರ್ಚೆ ಚೆನ್ನಾಗಿದೆ. ಒಂದು ಮಾತು ಸೇರಿಸುತ್ತೇನೆ. ಸಣ್ಣ ಕಂಪನಿ ಇಂಥ ಸಾಹಸಕ್ಕೆ ಏಕೆ ಇಳಿಯಿತು? ಆಗ ಜಪಾನಿನ ವಾಣಿಜ್ಯ ಸಚಿವಾಲಯವು ಕಾರು ಕಂಪನಿಗಳನ್ನು ಕೆಲವೇ ಗುಂಪುಗಳಾಗಿ ವಿಲೀನ ಮಾಡುವ ಆಲೋಚನೆಯಲ್ಲಿತ್ತು. ತಮ್ಮಲ್ಲಿ ಮಾತ್ರ ಇರುವ ತಂತ್ರಜ್ಞಾನವೊಂದಿದ್ದರೆ ಟೊಯೊಟಾ, ನಿಸಾನ್‌ಗಳ ಬಾಲವಾಗಬೇಕಿಲ್ಲ ಎಂದು ಅಧ್ಯಕ್ಷ ತ್ಸುನೆಜಿ ಮತ್ಸುದಾ ಲೆಕ್ಕ ಹಾಕಿದರು. ಇಂಜಿನಿಯರಿಂಗ್ ಕಾರಣಕ್ಕಿಂತ ಬದುಕುವ ಕಾರಣ ದೊಡ್ಡದಿತ್ತು.

ಬಸು: ಸರ್, ಬದುಕಾಕ ತಂದದ್ದೇ ಸಾಯಿಸಾಕ ಬಂತಲ್ರೀ. 1973ರ ತೈಲ ಬಿಕ್ಕಟ್ಟಿನಾಗ ಅಮೆರಿಕದ ಸರ್ಕಾರಿ ಪರೀಕ್ಷೆ ಲೆಕ್ಕದಾಗ ರೋಟರಿ ಮಜ್ದಾ ಲೀಟರಿಗೆ ಐದು ಕಿ.ಮೀ. ಸೈತ ಕೊಡಲಿಲ್ಲ. ಕಾರು ಮಾರದ ಉಳದು, ಸುಮಿತೊಮೊ ಬ್ಯಾಂಕ್ ನಡಕ ಬಂದು ಎತ್ತಿ ಹಿಡೀಬೇಕಾತು. ಕಾರ್ಖಾನೆ ಕೆಲಸಗಾರರನ್ನ ತಗದುಹಾಕೋ ಬದ್ಲಿ ಶೋರೂಮಿಗೆ ಕಾರು ಮಾರಾಕ ಕಳಿಸಿದ್ರು. 1979ರಾಗ ಫೋರ್ಡ್ ಕಾಲುಭಾಗ ಶೇರ್ ತಗೊಂತು.

ದಿನೇಶ: ಅದೇ 1973ರಲ್ಲಿ ಅಮೆರಿಕದ ಕಠಿಣ ಹೊಗೆ ನಿಯಮ ದಾಟಿದ ಎರಡನೇ ಕಂಪನಿ ಮಜ್ದಾ. ಮೊದಲನೆಯದು ಹೋಂಡಾ. ಅದನ್ನು ಸಹ ಹೇಳು.

ಮೂರ್ತಿ ಸರ್: ಎರಡೂ ಒಂದೇ ಕಾರಣದಿಂದ ಆದದ್ದು. ರೋಟರಿಯ ದಹನ ಕೋಣೆ ಉದ್ದ ಮತ್ತು ತೆಳು. ಗಾತ್ರಕ್ಕೆ ಹೋಲಿಸಿದರೆ ಗೋಡೆ ಹೆಚ್ಚು. ಶಾಖವೆಲ್ಲ ಗೋಡೆಗೆ ಸೋರುತ್ತದೆ, ಜ್ವಾಲೆ ಹಿಂದಿನ ಮೂಲೆ ಮುಟ್ಟುವ ಮೊದಲೇ ಆರುತ್ತದೆ. ಪ್ರತಿ ರೋಟರ್‌ಗೆ ಎರಡು ಪ್ಲಗ್ ಇಟ್ಟದ್ದು ಅದಕ್ಕೇ. ಉರಿಯದ ಪೆಟ್ರೋಲ್ ಹೊಗೆಯೊಂದಿಗೆ ಹೊರಗೆ ಹೋಗುತ್ತದೆ, ಮೈಲೇಜ್ ಬೀಳುತ್ತದೆ. ಆದರೆ ಉಷ್ಣತೆ ಕಡಿಮೆ ಇರುವುದರಿಂದ ಸಾರಜನಕದ ಆಕ್ಸೈಡ್‌ಗಳು ಕಡಿಮೆ. ಉಳಿದ ಹೈಡ್ರೋಕಾರ್ಬನ್ ಅನ್ನು ಎಕ್ಸಾಸ್ಟ್‌ನಲ್ಲಿ ಥರ್ಮಲ್ ರಿಯಾಕ್ಟರ್ ಇಟ್ಟು ಸುಟ್ಟರು. ಹೊಗೆಯ ಪರೀಕ್ಷೆಯಲ್ಲಿ ಪಾಸು, ಪೆಟ್ರೋಲ್ ಬಂಕಿನಲ್ಲಿ ಫೇಲು.

ಶೈಲಾ: ಸರ್, ಈ ಸಾಲು ಪರೀಕ್ಷೆಗೆ ಮುಂಚೆ ಹೇಳಿದ್ರೆ ಎಲ್ಲರೂ ಉದ್ಧಾರ ಆಗ್ತಿದ್ವಿ.

ಬಸು: ಅದಕ ನಾ ಹೇಳೋದು, ಮಜ್ದಾದ ಖರೇ ಬುದ್ಧಿವಂತಿಕಿ ಪಿಸ್ಟನ್ ಕಾರಿನಾಗೈತಿ. 1989ರ ರೋಡ್‌ಸ್ಟರ್ ನೋಡು, ಹೊರದೇಶದಾಗ ಎಂಎಕ್ಸ್-5 ಅಂತಾರ. ಸಾದಾ 1.6 ಲೀಟರ್ ಇಂಜಿನ್, ಒಂದು ಟನ್ನಿಗಿಂತ ಕಡಿಮಿ ತೂಕ. ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್ ತನಕ ಅಲ್ಯೂಮಿನಿಯಂ ಚೌಕಟ್ಟು, ಆಕ್ಸಿಲರೇಟರ್ ಒತ್ತಿದ್ರ ನಡಕ ಏನೂ ತಿರುಚಂಗಿಲ್ಲ, ಹಿಂದಿನ ಚಕ್ರಕ್ಕ ಆ ಕ್ಷಣ ಮುಟ್ಟತತಿ. ಕುದುರಿ-ಸವಾರ ಒಂದ ಮೈ, ‘ಜಿನ್ಬಾ ಇತ್ತಾಯ್’ ಅಂತ ಅವರು ಅನ್ನೋದು ಇದನ್ನ. 2016ಕ್ಕ ಹತ್ತು ಲಕ್ಷ ದಾಟಿತು. ಮುಂದ ಸ್ಕೈಆಕ್ಟಿವ್ ಅನ್ನೋ ಪಿಸ್ಟನ್ ಇಂಜಿನ್: ಸಾದಾ ಪೆಟ್ರೋಲ್‌ದಾಗ 14:1 ಕಂಪ್ರೆಷನ್, ಅಂದ್ರ ಗಾಳಿ-ಪೆಟ್ರೋಲ್ ಹದಿನಾಲ್ಕನೇ ಒಂದು ಭಾಗ ಜಾಗಕ್ಕ ಒತ್ತೋದು.

ರಾಘು: 14:1ಕ್ಕೆ ನಾಕ್, ಅಂದ್ರೆ ಪೆಟ್ರೋಲ್ ತಂತಾನೇ ಸಿಡಿಯೋದು, ಆಗಲ್ವಾ?

ಬಸು: ಆಗಬಾರದು ಅಂತನ 4-2-1 ಎಕ್ಸಾಸ್ಟ್, ನಾಕು ಹೊಗಿ ಪೈಪ್ ಎರಡಾಗಿ ಆಮ್ಯಾಲೆ ಒಂದಾಗೋದು. ಚಿಕ್ಕ ಮ್ಯಾನಿಫೋಲ್ಡ್ ಇದ್ರ ಬಾಜು ಸಿಲಿಂಡರಿನ ಬಿಸಿ ಹೊಗಿ ತಿರುಗಿ ಒಳಗ ಬರ್ತತಿ, ಗಾಳಿ ಮೊದಲ ಕಾದಿರ್ತತಿ, ನಾಕ್ ಆಗ್ತತಿ. ಪೈಪ್ ಉದ್ದ ಮಾಡಿದ್ರ ಆ ಹೊಗಿ ವಾಪಸ್ ಬರೋದ್ರಾಗ ವಾಲ್ವ್ ಮುಚ್ಚಿರ್ತತಿ. ಪೈಪಿನ ಉದ್ದದಾಗ ಗೆದ್ದಾರ. ಇದಕ್ಕ ಯಾರೂ ಫಾರ್ವರ್ಡ್ ಬರೆಯೋದಿಲ್ಲ ನೋಡು.

ದಿನೇಶ: ಆದರೆ ರೋಟರಿ ಜೊತೆ ಗುದ್ದಾಡದಿದ್ದರೆ ಎಲ್ಲರೂ ಕೈಬಿಟ್ಟದ್ದನ್ನು ಹಿಡಿಯುವ ಆ ಹಟ ಇವರಿಗೆ ಬರ್ತಿರಲಿಲ್ಲ ಅಂತ ನನ್ನ ವಾದ. ಮತ್ತೆ ರೋಟರಿ ಸತ್ತಿಲ್ಲ. 2023ರ ಎಂಎಕ್ಸ್-30 ಕಾರಿನಲ್ಲಿ 830 ಸಿಸಿಯ ಒಂದೇ ರೋಟರ್ ಉಂಟು, ಚಕ್ರ ತಿರುಗಿಸಲಿಕ್ಕೆ ಅಲ್ಲ, ಬ್ಯಾಟರಿಗೆ ಜನರೇಟರ್ ಆಗಿ. ಅಪೆಕ್ಸ್ ಸೀಲ್ 2 ಮಿ.ಮೀ. ಇದ್ದದ್ದನ್ನು 2.5 ಮಾಡಿದ್ದಾರೆ. ಸಣ್ಣ ಜಾಗ, ನಡುಕ ಇಲ್ಲ, ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ.

ರಾಘು: ನನ್ನ ಕಾರಿನ ವಿಷಯಕ್ಕೆ ಬನ್ರೋ. ಏನು ನೋಡ್ಬೇಕು?

ದಿನೇಶ: ಕಂಪ್ರೆಷನ್, ಅಂದರೆ ಕೋಣೆಯೊಳಗೆ ಏಳುವ ಒತ್ತಡ. ಬೇರೆ ಎಲ್ಲ ಆಮೇಲೆ. ಸಾಮಾನ್ಯ ಗೇಜ್ ಹಿಡ್ಕೊಂಡು ಬಂದರೆ ಒಪ್ಪಬೇಡ. ಅದರ ವಾಲ್ವ್ ಮೂರು ಮುಖದಲ್ಲಿ ಹೆಚ್ಚಿನದನ್ನು ಮಾತ್ರ ಹಿಡಿದಿಡ್ತದೆ, ಎರಡು ಮುಖ ಸತ್ತಿದ್ದರೂ ಗೊತ್ತಾಗುವುದಿಲ್ಲ. ರೋಟರಿ ಟೆಸ್ಟರ್ ಬೇಕು. ಇಂಜಿನ್ ಪೂರ್ತಿ ಬಿಸಿ, ಬ್ಯಾಟರಿ ಪೂರ್ತಿ ಚಾರ್ಜ್, ಪೆಟ್ರೋಲ್ ಕಟ್, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್, ಅಂದರೆ ಸ್ಟಾರ್ಟರ್ ಮಾತ್ರ ತಿರುಗಿಸುವುದು. ಮುಖಕ್ಕೆ ಒಂದರಂತೆ ಎರಡು ರೋಟರ್‌ಗೆ ಆರು ಅಂಕಿ ಬರಬೇಕು. 250 ಆರ್‌ಪಿಎಂಗೆ ಹೊಂದಿಸಿದ ಮೇಲೆ ಹೊಸದರಲ್ಲಿ 830 ಕಿಲೋಪಾಸ್ಕಲ್, ಕನಿಷ್ಠ 680. ಒಂದೇ ರೋಟರ್‌ನ ಮುಖಗಳ ನಡುವೆ 150ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಎರಡು ರೋಟರ್ ನಡುವೆ 100. ಕ್ರ್ಯಾಂಕ್ ವೇಗ ಬರೆಯದೆ ಬರೀ ಅಂಕಿ ಕೊಟ್ಟರೆ ಆ ರಿಪೋರ್ಟ್ ರದ್ದಿಗೆ ಹಾಕು. ಹೊಸ ಸ್ಟಾರ್ಟರ್ ಜೋರಾಗಿ ತಿರುಗಿದರೆ ಅಂಕಿ ಸುಮ್ಮನೆ ಏರ್ತದೆ.

ಬಸು: ಟೆಸ್ಟರ್ ಸಿಗೋಕಿಂತ ಮೊದಲ ಪುಕ್ಕಟೆ ಪರೀಕ್ಷೆ ಒಂದೈತಿ. ಇಪ್ಪತ್ತು ನಿಮಿಷ ಓಡಿಸು, ಬಂದ್ ಮಾಡು, ಹತ್ತು ನಿಮಿಷ ಬಿಟ್ಟು ಚಾಲೂ ಮಾಡು. ಬಿಸಿ ಇದ್ದಾಗ ಗರ್ ಗರ್ ಅಂತ ಹೊತ್ತು ಹಿಡದ್ರ ಸೀಲ್ ಹೋದವು ಅಂತ ತಿಳಿ, ಇಂಜಿನ್ ಬಿಚ್ಚಿ ತಿರುಗಿ ಕಟ್ಟೋ (ರೀಬಿಲ್ಡ್) ಖರ್ಚು ಕಾರಿನ ರೇಟಿಗಿಂತ ಜಾಸ್ತಿ ಆಗಬಹುದು. ಅಮೆರಿಕದಾಗ 2004ರಿಂದ 2008ರ ಆರ್‌ಎಕ್ಸ್-8ಗೆ ಮಜ್ದಾನ ಇಂಜಿನ್ ವಾರಂಟಿನ 8 ವರ್ಷ, 1 ಲಕ್ಷ ಮೈಲಿ ತನಕ ಎಳೀತು. ಸುಮ್ಮಸುಮ್ಮನ ಎಳೀತಾರೇನು?

ರಾಘು: ಎಣ್ಣೆ ಕುಡಿಯುತ್ತೆ ಅಂತಾರಲ್ಲ, ಅದು ಸೀಲ್ ಹೋಗಿರೋದಕ್ಕಾ?

ದಿನೇಶ: ಅಲ್ಲ, ಕುಡಿಯಲೇಬೇಕು. ಅಪೆಕ್ಸ್ ಸೀಲ್‌ಗೆ ಬೇರೆ ಲೂಬ್ರಿಕೇಷನ್ ಇಲ್ಲ, ಮೀಟರಿಂಗ್ ಪಂಪ್ ಇಂಜಿನ್ ತಳದ ಸಂಪ್‌ನಿಂದ ಎಣ್ಣೆ ತೆಗೆದು ನೇರ ಕೋಣೆಗೆ ಹನಿಸ್ತದೆ, ಅದು ಉರಿದು ಹೋಗ್ತದೆ. ‘ನಮ್ಮ ಗಾಡಿ ಎಣ್ಣೆ ಮುಟ್ಟುವುದೇ ಇಲ್ಲ’ ಅಂತ ಮಾರುವವ ಹೆಮ್ಮೆ ಕೊಚ್ಚಿದರೆ ಆಗ ಹೆದರು. ಎರಡು ಸಲ ಪೆಟ್ರೋಲ್ ತುಂಬಿಸಿದಾಗ ಒಂದು ಸಲ ಡಿಪ್‌ಸ್ಟಿಕ್ ನೋಡಬೇಕು. 2005ರದ್ದರಲ್ಲಿ ರೋಟರ್‌ಗೆ ಎರಡೇ ಆಯಿಲ್ ನಾಜಲ್, ಸೀಲ್‌ನ ನಡುಭಾಗ ಒಣಗ್ತದೆ. ಮುಂದೆ ಸುಧಾರಿಸಿದ ಮಾದರಿಯಲ್ಲಿ ಮೂರನೆಯದು ಕೊಟ್ಟರು. ಅದಕ್ಕೇ ಕೆಲವರು ಲೀಟರ್ ಪೆಟ್ರೋಲ್‌ಗೆ 4-5 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ ಬೆರೆಸುವುದು.

ಶೈಲಾ: ಪ್ಲಗ್‌ಗೆ ಕಿಡಿ ಕೊಡೋ ಇಗ್ನಿಷನ್ ಕಾಯಿಲ್ ಯಾವಾಗ ಬದಲಿಸಿದ್ದು ಅಂತ ಬಿಲ್ ಕೇಳು. ನಾಲ್ಕು ಇವೆ, ಸುಮಾರು 50,000 ಕಿ.ಮೀ.ಗೆ ಸೋಲುತ್ವೆ. ಕಿಡಿ ಸೋತ್ರೆ ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದು ಕರಗಿ ಕಟ್ಟಿಕೊಳ್ಳುತ್ತೆ. ಹೊಗೆ ಹೊರಗೆ ಹೋಗದೆ ಇಂಜಿನ್ ಬೇಯುತ್ತೆ. ಕಾಯಿಲ್ ಉಳಿಸೋಕೆ ಹೋಗಿ ಇಂಜಿನ್ ಕಳ್ಕೋತಾರೆ. ಪ್ಲಗ್ ಹಾಕುವಾಗ ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎರಡೂ ಬೇರೆ ಬೇರೆ ಪ್ಲಗ್, ಅದಲುಬದಲು ಮಾಡಬಾರದು.

ದಿನೇಶ: ತಣ್ಣಗಿನ ಗಾಡಿಯನ್ನು ಸ್ಟಾರ್ಟ್ ಮಾಡಿ, ಶೆಡ್ಡಿನಿಂದ ಹೊರಗೆ ತಂದು, ಅಲ್ಲೇ ಬಂದ್ ಮಾಡುವ ಚಾಳಿ ಬಿಡಬೇಕು. ಪ್ಲಗ್ ಒದ್ದೆಯಾಗಿ, ಸೀಲ್ ಮೇಲಿನ ಎಣ್ಣೆಯನ್ನು ಪೆಟ್ರೋಲ್ ತೊಳೆದು, ಮತ್ತೆ ಹತ್ತುವುದೇ ಇಲ್ಲ. ಹಾಗೆ ಆದರೆ ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡು, ಆಗ ಇಂಜೆಕ್ಟರ್ ಬಂದ್ ಇರ್ತದೆ. ಸ್ವಲ್ಪ ಬಿಟ್ಟು ಇನ್ನೆರಡು ಸಲ. ಆಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸಬೇಕು.

ರಾಘು: ಮಾರೋನಿಗೆ ಮೆಸೇಜ್ ಹಾಕ್ದೆ. ‘ನೀವು ಬರೋಷ್ಟರಲ್ಲಿ ಗಾಡಿ ಬಿಸಿ ಮಾಡಿ ಇಟ್ಟಿರ್ತೀನಿ’ ಅಂದ. ಒಳ್ಳೇ ಮನುಷ್ಯ ಅನ್ಸುತ್ತೆ.

ದಿನೇಶ: ಬೇಡ ಅನ್ನು ಮಾರಾಯ! ಬಾನೆಟ್ ಮುಟ್ಟಿ ನೋಡು, ತಣ್ಣಗೇ ಇರಬೇಕು. ತಣ್ಣಗಿನ ಸ್ಟಾರ್ಟ್, ಬಿಸಿಯ ಸ್ಟಾರ್ಟ್, ಎರಡೂ ನಿನ್ನ ಎದುರೇ ಆಗಬೇಕು.

ಬಸು: ಆರು ನಂಬರ್ ಬಂದ ಮ್ಯಾಲೆ ಇಲ್ಲೇ ಹಾಕು. ಹತ್ತು ಮಂದಿಗೆ ಕಳಿಸಬ್ಯಾಡ, ನಾವು ನಾಕು ಮಂದಿ ನೋಡಿದ್ರ ಸಾಕು.